ಕಾಶಿಯಲ್ಲಿ ಬಿಟ್ಟ ಕಹಿ

ತುಳಸಮ್ಮ ಗುಳಿಗೆ ನುಂಗುವುದನ್ನು ನೋಡುವುದೇ ಒಂದು ಚೆಂದ. ಎಡಗೈಯಲ್ಲಿ ತಮ್ಮದೇ ತಾಮ್ರದ ಚೊಂಬು, ಅದರಲ್ಲಿ ಕುದಿಸಿ ಆರಿಸಿದ ನೀರು. ಆಸ್ಪತ್ರೆಯ ಲೋಟ ಅವರ ಮಡಿಗೆ ಆಗದು. ಬಲಗೈಯಲ್ಲಿ ಗುಳಿಗೆ. ಕಣ್ಣು ಮುಚ್ಚಿ ಏನೋ ಗೊಣಗಿ, ಬಲಗೈಯನ್ನು ಬಾಯಿಯತ್ತ ಬೀಸಿ, ತಲೆಯನ್ನು ಹಿಂದಕ್ಕೆ ಚೆಲ್ಲಿ, ಚೊಂಬನ್ನು ಎತ್ತರಕ್ಕೆ ಹಿಡಿದು ಧಾರೆಯಾಗಿ ಸುರಿದುಕೊಳ್ಳುವರು. ಒಂದು ಹನಿ ತುಟಿಗೆ ತಾಗುವುದಿಲ್ಲ, ಒಂದು ಹನಿ ಸೆರಗಿಗೆ ಬೀಳುವುದಿಲ್ಲ. ಹೆಂಗಸರ ವಾರ್ಡಿನಲ್ಲಿ ಏಳಲು ಆಗುವವರೆಲ್ಲ ಆ ಹೊತ್ತಿಗೆ ಎದ್ದು ಕೂತು ನೋಡುತ್ತಿದ್ದರು. ವನಮಾಲಾಳೂ ನೋಡುತ್ತಿದ್ದಳು. ನೋಡಿ, ಮೆಚ್ಚಿ, ಮಂಚದ ಚೀಟಿಯಲ್ಲಿ ಗುಳಿಗೆ ಕೊಟ್ಟದ್ದಕ್ಕೆ ಗುರುತು ಹಾಕಿ ಮುಂದಕ್ಕೆ ಹೋಗುತ್ತಿದ್ದಳು.

ಜ್ವರ ಮಾತ್ರ ಇಳಿಯಲಿಲ್ಲ.

ಅದು ಮಲೇರಿಯಾ ಎಂದು ರಕ್ತದ ಪರೀಕ್ಷೆ ಹೇಳಿತ್ತು. ಗುಬ್ಬಿಯಿಂದ ಬಂದ ಯಾತ್ರೆಯ ಗುಂಪು ಅಜ್ಜಿಯನ್ನು ಕಾಶಿಯ ಶಿವಾಲಾ ಘಾಟಿನ ಹಿಂದಿನ ಈ ಸಣ್ಣ ಧರ್ಮಾಸ್ಪತ್ರೆಗೆ ಸೇರಿಸಿ ಪ್ರಯಾಗಕ್ಕೆ ಹೊರಟುಹೋಗಿತ್ತು. "ಕನ್ನಡದ ಹುಡುಗಿ ಇದ್ದಾಳಲ್ಲ, ಇನ್ನೇನು ಯೋಚನೆ?" ಎಂದಿದ್ದರು. ಆ ಕನ್ನಡದ ಹುಡುಗಿಯೇ ವನಮಾಲಾ. ನರ್ಸಿಂಗ್ ಕಲಿಯುತ್ತಿದ್ದವಳು, ಔಷಧದ ಟ್ರೇ ಕೈಗೆ ಬಂದು ಇನ್ನೂ ಅದರ ಜಂಬ ಇಳಿದಿರಲಿಲ್ಲ. ಹುಟ್ಟಿ ಬೆಳೆದದ್ದು ಹನುಮಾನ್ ಘಾಟಿನ ಓಣಿಯಲ್ಲಿ. ದಕ್ಷಿಣದಿಂದ ಬರುವ ಯಾತ್ರಿಕರಿಗೆ ಶ್ರಾದ್ಧ, ಸಂಕಲ್ಪ ಮಾಡಿಸುವ ಮನೆತನ. ಅಪ್ಪನ ನಂತರ ಈಗ ಅದು ಅಣ್ಣ ಅನಂತನ ಕೆಲಸ. ಮನೆಯೊಳಗೆ ಕನ್ನಡ, ಹೊಸ್ತಿಲಾಚೆ ಹಿಂದಿ ಎಂದು ಅಪ್ಪ ಗೆರೆ ಎಳೆದಿದ್ದರು. ಹಿಂದಿ ಚಪ್ಪಲಿಯನ್ನೂ ಬಿಡದೆ ಒಳಗೆ ಬಂದು ಕೂತಿತ್ತು. ಹಿಂದಿಯಲ್ಲಿ ಕುರ್ಚಿಗೂ ಚಮಚಕ್ಕೂ ಗಂಡು ಹೆಣ್ಣೆಂಬುದು ಉಂಟಷ್ಟೆ. ಅದು ಅವಳ ಕನ್ನಡಕ್ಕೂ ಅಂಟಿತ್ತು. ಅವಳ ಬಾಯಲ್ಲಿ ಬಸ್ಸು ತಡವಾಗಿ ಬರುತ್ತಿದ್ದಳು, ಜ್ವರ ಸಂಜೆಗೆ ಏರುತ್ತಿದ್ದನು.

ಆ ಬೆಳಿಗ್ಗೆ ಡಾಕ್ಟರು ಥರ್ಮಾಮೀಟರನ್ನು ಬೆಳಕಿಗೆ ಹಿಡಿದು ಹುಬ್ಬು ಗಂಟಿಕ್ಕಿದರು.

"ಕ್ಲೋರೋಕ್ವಿನ್ ಗುಳಿಗೆ ನಾಟುತ್ತಿಲ್ಲ. ನಾಳೆ ಕ್ವಿನೈನ್ ಡ್ರಿಪ್ ಹಾಕೋಣ." ಸ್ಟೆತಸ್ಕೋಪನ್ನು ಅಜ್ಜಿಯ ಎದೆಯ ಮೇಲಿಟ್ಟು ಬಹಳ ಹೊತ್ತು ಕೇಳಿದರು. "ಈ ಹೃದಯಕ್ಕೆ ಅದು ಒಳ್ಳೆಯದಲ್ಲ. ಆದರೆ ಇನ್ನೇನು ಮಾಡುವುದು?"

ಅವರು ಅತ್ತ ಹೋದ ಮೇಲೆ ವಾರ್ಡಿನ ಸಿಸ್ಟರ್ ಕಾಮಾಕ್ಷಿ ವನಮಾಲಾಳನ್ನು ಬೀರುವಿನ ಹತ್ತಿರ ಕರೆದರು. ಕುಂಭಕೋಣದವರು; ಹಿಂದಿಯನ್ನೂ ತಮಿಳಿನ ಓಟದಲ್ಲೇ ಆಡುವವರು.

"ನುಂಗಿದ್ದು ನೋಡಿದೆಯಾ?"

"ನೋಡಿದೆ, ಸಿಸ್ಟರ್."

"ಏನು ನೋಡಿದೆ?"

"ನೀರು ಕುಡಿದರು. ಗಂಟಲು ಆಡಿತು."

"ಅಂದರೆ ನೀರು ನೋಡಿದೆ. ನಾನು ಕೇಳಿದ್ದು ಗುಳಿಗೆಯ ವಿಷಯ. ಹೆಸರು ಕೇಳು, ಔಷಧ ನೋಡು, ಪ್ರಮಾಣ ನೋಡು, ಹೊತ್ತು ನೋಡು, ಇಷ್ಟನ್ನು ಗಿಣಿಯೂ ಕಲಿಯುತ್ತೆ. ಹೊಟ್ಟೆಗೆ ಹೋಗುವ ತನಕ ಮಂಚ ಬಿಟ್ಟು ಕದಲಬೇಡ. ಕೈ ನೋಡು, ಬಾಯಿ ತೆಗೆಸಿ ನೋಡು. ಗುರುತು ಆಮೇಲೆ."

ವನಮಾಲಾಳ ಮುಖ ಬಿಸಿಯಾಯಿತು. ಅಷ್ಟು ವಯಸ್ಸಾದವರ ಮುಂದೆ ನಿಂತು ಬಾಯಿ ತೆಗೆಯಿರಿ, ಕೈ ತೋರಿಸಿ ಅನ್ನುವುದು ಹೇಗೆ? ಮಾವಿನಕಾಯಿ ಕದ್ದವರನ್ನು ತಡೆದು ನಿಲ್ಲಿಸಿದ ಹಾಗೆ!

ಮಧ್ಯಾಹ್ನದ ಗುಳಿಗೆಯ ಹೊತ್ತು ಬಂತು.

"ಹೆಸರು ಹೇಳಿ, ಅಜ್ಜೀ."

"ಬೆಳಿಗ್ಗೆಯಿಂದ ಬದಲಾಗಿಲ್ಲ ಕಣೇ. ತುಳಸಮ್ಮ."

ಎರಡು ಗುಳಿಗೆ ಅಂಗೈಗೆ ಬಿದ್ದವು. ಕಣ್ಣು ಮುಚ್ಚಿತು, ಕೈ ಬೀಸಿತು, ಧಾರೆ ಇಳಿಯಿತು. ವಾರ್ಡು ಮೆಚ್ಚಿ ಉಸಿರು ಬಿಟ್ಟಿತು. ವನಮಾಲಾ ಕದಲಲಿಲ್ಲ.

"ಏನೇ ಕೂಸೇ, ಹಾಗೇ ನಿಂತೆ? ತೀರ್ಥ ಬೇಕಾ?"

ಅವಳು ಧೈರ್ಯ ಒಟ್ಟುಮಾಡಿಕೊಂಡು, ತನಗೆ ಬರುವ ಅತ್ಯಂತ ಒಳ್ಳೆಯ ಕನ್ನಡದಲ್ಲಿ ಕೇಳಿದಳು: "ಅಜ್ಜೀ, ಗುಳಿಗೆ ಒಳಗೆ ಹೋದಳಾ?"

"ಯಾರು?"

"ಗುಳಿಗೆ. ಹೊಟ್ಟೆಯಲ್ಲಿ ಇದ್ದಾಳಾ?"

ತುಳಸಮ್ಮ ಕಣ್ಣು ಪಿಳಿಪಿಳಿ ಬಿಟ್ಟರು. ತುಟಿ ಅದುರಿತು. "ಅಯ್ಯಯ್ಯೋ! ಮೊಮ್ಮಕ್ಕಳ ಮದುವೆ ಮಾಡೋ ವಯಸ್ಸಲ್ಲಿ ನನ್ನ ಹೊಟ್ಟೇಲಿ ಹೆಣ್ಣುಮಗುವೇನೇ!" ಎಂದು ನಗು ತಡೆಯಲಾರದೆ ಎರಡೂ ಕೈ ಎತ್ತಿ ಚಪ್ಪಾಳೆ ತಟ್ಟಿದರು.

ತಟ್ಟಿದ ಕೈಯಿಂದ ಒಂದು ಗುಳಿಗೆ ನೆಲಕ್ಕುರುಳಿತು. ಇನ್ನೊಂದು ಹಾರಿ ಪಕ್ಕದ ಮಂಚದ ತಾರಾದೇವಿಯ ಕಂಬಳಿಯ ಮೇಲೆ ಬಿತ್ತು. ತಾರಾದೇವಿ ಬನಾರಸಿನ ಸೀರೆ ವ್ಯಾಪಾರಿಯ ವಿಧವೆ, ಮರ್ಯಾದಸ್ಥೆ. ಅದನ್ನು ಎರಡು ಬೆರಳಲ್ಲಿ ಎತ್ತಿ, "ತಗೋ ಮಗಳೇ, ನಿನ್ನ ಗೋಲಿ" ಎಂದು ಹಿಂದಿಯಲ್ಲಿ ಹೇಳಿ ಚಾಚಿದರು.

ನಗು ನಿಂತಿತು.

"ಎಲ್ಲಾ ಹೀಗೇನಾ, ಅಜ್ಜೀ?"

"ಎಲ್ಲಾ."

"ಎಲ್ಲಿ ಹಾಕಿದಿರಿ?"

"ಕಿಟಕಿಯಾಚೆ." ತುಳಸಮ್ಮ ತಲೆ ತಗ್ಗಿಸಿದರು. "ಕೋತಿಗಳೂ ಮೂಸಿ ಬಿಟ್ಟವು."

"ಯಾಕೆ?"

"ನಿಮ್ಮಣ್ಣನ್ನ ಕೇಳು!"

ಕಾಶಿಗೆ ಬಂದವರು ತಮಗೆ ಇಷ್ಟವಾದ ಒಂದು ಕಾಯನ್ನೋ ಹಣ್ಣನ್ನೋ ಇಲ್ಲೇ ಬಿಟ್ಟು ಹೋಗಬೇಕು; ಬಿಟ್ಟದ್ದನ್ನು ಮತ್ತೆ ಬಾಯಿಗಿಡುವಂತಿಲ್ಲ. ಗುಂಪಿನವರು ಬದನೆಕಾಯಿ ಬಿಟ್ಟರು, ಹಲಸು ಬಿಟ್ಟರು, ಬಿಟ್ಟು ಕಣ್ಣು ಒರೆಸಿಕೊಂಡರು. ತುಳಸಮ್ಮ ಮಾತ್ರ ಹುಟ್ಟಿದಾಗಿನಿಂದ ತಟ್ಟೆಯಂಚಿಗೆ ತಳ್ಳಿದ ಹಾಗಲಕಾಯಿಯನ್ನು ಬಿಡುತ್ತೇನೆಂದರು. ದೇವರ ಲೆಕ್ಕಕ್ಕೂ ಆಯಿತು, ತಮಗೂ ನಷ್ಟವಿಲ್ಲ. ಅನಂತ ಸೊಂಟದುದ್ದ ನೀರಿನಲ್ಲಿ ನಿಲ್ಲಿಸಿ ಸಂಸ್ಕೃತದಲ್ಲಿ ಸಂಕಲ್ಪ ಹೇಳಿಸಿದ. ಮೇಲೆ ಬಂದು ಸೀರೆ ಹಿಂಡುವಾಗ ಗುಂಪಿನಲ್ಲಿದ್ದ ಸಂಸ್ಕೃತದ ಮೇಷ್ಟರು ಬೆರಗಾಗಿ ಹೇಳಿದರಂತೆ, "ಏನು ತುಳಸಮ್ಮನವರೇ, ಎಂಥಾ ತ್ಯಾಗ! ತಿಕ್ತದ್ರವ್ಯ ಅಂದಿರಲ್ಲ, ಲೋಕದಲ್ಲಿ ಕಹಿ ಅನ್ನೋದೆಲ್ಲಾ ಬಂತು ಅದರಲ್ಲಿ!"

"ಬಿಟ್ಟದ್ದು ಒಂದು ಕಾಯಿ, ಬಾಯಲ್ಲಿ ಬಂದದ್ದು ಲೋಕದ ಕಹಿಯೆಲ್ಲ" ಎಂದರು ತುಳಸಮ್ಮ. "ಗಂಗೆಯಲ್ಲಿ ನಿಂತು ಆಡಿದ ಮಾತು. ನಿನ್ನ ಗುಳಿಗೆ ನಾಲಿಗೆಗೆ ತಾಗಿದ್ದೇ ತಡ, ವಿಷದಂಥ ಕಹಿ. ಹೆಂಗೆ ನುಂಗಲಿ ಹೇಳು?"

ವನಮಾಲಾ ಟ್ರೇ ಹಿಡಿದು ಗೋಡೆಗೆ ಒರಗಿದಳು. ಮಾತು ಕಡಿಮೆ, ದುಡಿಮೆ ಹೆಚ್ಚು ಎಂದು ಸರಕಾರ ತುರ್ತುಪರಿಸ್ಥಿತಿಯ ಆ ವರ್ಷ ಎಲ್ಲ ಗೋಡೆಗೂ ಅಂಟಿಸಿದ ಕಾಗದ ಇಲ್ಲಿಯೂ ಇತ್ತು. ಮಾತು ಕಡಿಮೆ ಮಾಡಬಹುದಿತ್ತು. ಹೇಗಾದರೂ ಪುಸಲಾಯಿಸಿ ಈಗಿನಿಂದ ನುಂಗಿಸಿದರೆ ಯಾರಿಗೂ ಏನೂ ತಿಳಿಯದು. ಆದರೆ ಬೀರುವಿನ ಮೇಲೆ ಕ್ವಿನೈನ್ ಆಗಲೇ ಬಂದು ಕೂತಿತ್ತು. ನಾಳೆ ಸೂಜಿ ಚುಚ್ಚುವ ಕೈ ಡಾಕ್ಟರದು. ಚುಚ್ಚಿಸುವುದು ಅವಳು ಹಾಕಿದ ಗುರುತು. ಅವಳು ಹೋಗಿ ಸಿಸ್ಟರ್ ಕಾಮಾಕ್ಷಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು.

ಸಿಸ್ಟರ್ ಕೂಗಾಡಲಿಲ್ಲ. ಕೂಗಾಡಿದ್ದರೆ ಹಗುರವಾಗುತ್ತಿತ್ತು.

"ಡಾಕ್ಟರಿಗೆ ನಾನು ಹೇಳುತ್ತೇನೆ. ಕೊಟ್ಟೇ ಇಲ್ಲ ಅಂದಮೇಲೆ ಮೊದಲ ಡೋಸಿನಿಂದ ಶುರು. ಸಂಜೆಯೊಳಗೆ, ನನ್ನ ಕಣ್ಣೆದುರಿಗೆ ಅವರು ನುಂಗಬೇಕು. ಇಲ್ಲವಾದರೆ ಅವರಿಗೆ ಡ್ರಿಪ್, ನಿನಗೆ ಟ್ರೇ ಇಲ್ಲ. ಪರೀಕ್ಷೆಯ ತನಕ ಮೈಲಿಗೆ ಬಟ್ಟೆ ಎಣಿಸು."

ವನಮಾಲಾ ಓಣಿಯ ಹಸುಗಳನ್ನು ದಾಟಿಕೊಂಡು ಓಡಿದಳು. ಅನಂತ ಮನೆಯ ಜಗಲಿಯಲ್ಲಿ ಅಂಗಾತ ಮಲಗಿ, ಎದೆಯ ಮೇಲೆ ಟ್ರಾನ್ಸಿಸ್ಟರ್ ಇಟ್ಟುಕೊಂಡು ಕ್ರಿಕೆಟ್ ಕಾಮೆಂಟರಿ ಕೇಳುತ್ತಿದ್ದ.

"ಅಣ್ಣಾ, ಗುಬ್ಬಿಯ ಅಜ್ಜಿಗೆ ಏನು ಸಂಕಲ್ಪ ಮಾಡಿಸಿದೆ?"

"ಯಾಕೆ? ಫಲ ಸಿಕ್ಕಿತಾ?"

"ಮಲೇರಿಯಾ ಸಿಕ್ಕಿದಾನೆ. ಹಾಗಲಕಾಯಿ ಅಂದರೆ ಏನು, ಹೇಳು ನೋಡೋಣ."

ಅನಂತ ಟ್ರಾನ್ಸಿಸ್ಟರಿನ ಸದ್ದು ತಗ್ಗಿಸಿದ. "ಹಗಲು ಗೊತ್ತು. ಕಾಯಿ ಗೊತ್ತು. ಹಗಲು ಹೊತ್ತು ಬಿಡೋ ಕಾಯಿ ಇರಬೇಕು ಅಂದ್ಕೊಂಡೆ. ಹೆಂಗಿರುತ್ತೆ ಅಂತ ಕೇಳಿದೆ ಕೂಡ. ಕಹಿ, ಬರೀ ಕಹಿ ಅಂದರು. ಹಿಂದೆ ಅಷ್ಟುದ್ದ ಲೈನ್ ನಿಂತಿತ್ತು, ವನೂ! ತಿಕ್ತ ಅಂತ ಹಾಕಿ ಮುಗಿಸಿದೆ."

"ಅದು ಕರೇಲಾ."

"ಕರೇಲಾ!" ಅವನು ಎದ್ದು ಕೂತ. "ಕರೇಲಾ ಅಂತ ಹೇಳೋದಕ್ಕೆ ಏನಾಗಿತ್ತು ಅವರಿಗೆ?"

"ಗುಬ್ಬಿಯಲ್ಲಿ ಯಾರು ಕರೇಲಾ ಅಂತಾರೆ?"

"ನಿನಗೆ ಮೊದಲೇ ಗೊತ್ತಿತ್ತಾ?"

"ಇಲ್ಲ" ಎಂದಳು ವನಮಾಲಾ. "ಅಜ್ಜಿ ಗಾಳಿಯಲ್ಲಿ ಬರೆದು ತೋರಿಸಿದರು. ಮೈಮೇಲಿನ ಗುಳ್ಳೆ ಸಮೇತ."

ವಾರ್ಡಿನಲ್ಲಿ ಸಿಸ್ಟರ್ ಕಾಮಾಕ್ಷಿ ಟಾರ್ಚು ಹಿಡಿದು ಮಂಚದ ಪಕ್ಕದಲ್ಲೇ ನಿಂತಿದ್ದರು. ಅನಂತ ಹೊಸ ಉತ್ತರೀಯ ಹೊದ್ದು, ಗಂಟಲು ಸರಿಮಾಡಿಕೊಂಡು ಶುರುಮಾಡಿದ.

"ಅಮ್ಮಾ, ಬಿಟ್ಟದ್ದು ಆಹಾರ. ಇದು ಔಷಧ. ಇದಕ್ಕೆ ಅದು ತಾಗೋದಿಲ್ಲ."

"ಆಹಾರ ಅಂದಿರಾ ಭಟ್ಟರೇ, ನೀರಲ್ಲಿ ನಿಲ್ಲಿಸಿ? ದ್ರವ್ಯ ಅಂದಿರಿ. ದ್ರವ್ಯದಲ್ಲಿ ಚಪ್ಪಲಿಯೂ ಬರುತ್ತೆ ಅಂದರು ಮೇಷ್ಟರು."

"ತಪ್ಪು ನನ್ನದು. ಪ್ರಾಯಶ್ಚಿತ್ತ ನಾನು ಮಾಡ್ಕೋತೀನಿ."

"ಮಾಡ್ಕೊಳ್ಳಿ, ಪುಣ್ಯ ಬರುತ್ತೆ. ನಾನು ಬಿಟ್ಟದ್ದು ಬಿಟ್ಟೆ."

ಅನಂತ ತಂಗಿಯನ್ನು ಬದಿಗೆ ಎಳೆದು ಪಿಸುಗುಟ್ಟಿದ: "ಒಂದು ಪೇಡಾದಲ್ಲಿ ಪುಡಿಮಾಡಿ ಇಟ್ಟುಬಿಡು. ಪ್ರಸಾದ ಅಂತ ನಾನು ಕೊಡ್ತೀನಿ. ಗೊತ್ತೇ ಆಗಲ್ಲ."

"ಇಲ್ಲ" ಎಂದಳು ವನಮಾಲಾ. ದನಿ ತಾನಂದುಕೊಂಡದ್ದಕ್ಕಿಂತ ಗಟ್ಟಿಯಾಗಿ ಬಂತು. "ಏನು ನುಂಗುತ್ತಿದ್ದೇನೆ ಅಂತ ಅವರಿಗೆ ಗೊತ್ತಿರಬೇಕು. ಮುಚ್ಚಿಟ್ಟು ಕೊಡೋದಾದರೆ ಟ್ರೇ ನನಗೆ ಬೇಡ."

ತುಳಸಮ್ಮ ಮಂಚದ ಮೇಲಿಂದ ಕೆಮ್ಮಿದರು. "ಜ್ವರ ಬಂದಿರೋದು ಮೈಗೆ, ಕಿವಿಗಲ್ಲ." ಚೊಂಬಿನ ಅಂಚನ್ನು ಉಜ್ಜಿದರು. "ಈ ಹುಡುಗಿ ನನಗೆ ಮೋಸ ಮಾಡಲ್ಲ ಅಂತಾಳೆ. ನಾನು ನೋಡಿದರೆ ಆ ವಿಶ್ವನಾಥನಿಗೇ ಟೋಪಿ ಹಾಕಕ್ಕೆ ಹೋದೆ, ತಿನ್ನದೇ ಇರೋ ಕಾಯಿ ಬಿಟ್ಟು. ಭಟ್ಟರೇ, ನಿಜವಾಗಿ ಜೀವಕ್ಕೆ ಬೇಕಾದ್ದನ್ನ ಬಿಟ್ಟರೆ ಆ ಕಹಿ ವಾಪಸ್ಸು ಬರುತ್ತಾ?"

"ಬರುತ್ತೆ, ಬರುತ್ತೆ! ಏನು ಬಿಡ್ತೀರಿ?"

ತುಳಸಮ್ಮ ಚೊಂಬನ್ನು ಕೆಳಗಿಟ್ಟರು. "ಕಾಫಿ."

ಕನ್ನಡ ಬಾರದ ಸಿಸ್ಟರ್ ಕಾಮಾಕ್ಷಿಗೆ ಈ ಒಂದು ಮಾತು ಯಾರೂ ತಿಳಿಸದೆ ತಿಳಿಯಿತು. "ಐಯೋ, ಕಾಪಿಯಾ? ವೇಂಡಾಂ!" ತಮಿಳಿನಲ್ಲಿ ಬೇಡ ಬೇಡವೆನ್ನುತ್ತ ಟಾರ್ಚು ಹಿಡಿದ ಕೈಯನ್ನು ಎದೆಗೊತ್ತಿಕೊಂಡರು.

ಒಮ್ಮೆ ಬಿಸಿ ತಟ್ಟಿದ್ದ ಅನಂತ ಈ ಸಲ ಎಚ್ಚರವಾಗಿದ್ದ. ಅವರ ಮನೆಯಲ್ಲಿ ಕುಡಿಯುತ್ತಿದ್ದದ್ದು ಚಹಾ. "ಕಾಫಿ ಅಂದರೆ ಸರಿಯಾಗಿ ಹೇಳಿ ಅಮ್ಮಾ. ಬೀಜಾನಾ, ಎಲೇನಾ? ರುಚಿ ಏನು?"

"ಕಹಿ" ಎಂದಳು ವನಮಾಲಾ ಥಟ್ಟನೆ.

ಎಲ್ಲರೂ ಅವಳತ್ತ ತಿರುಗಿದರು.

"ಒಂದು ಸಲ ಕುಡಿದಿದೀನಿ, ಸಿಸ್ಟರ್ ರೂಮಲ್ಲಿ. ಕಹಿ. ಅಜ್ಜೀ, ಸಂಕಲ್ಪ ಆದ ಮೇಲೂ ಕಾಫಿ ಕುಡಿದಿರಾ?"

"ಒದ್ದೆ ಸೀರೇಲೇ ಕುಡಿದೆ. ಅವತ್ತೂ ಕುಡಿದೆ, ಆಮೇಲೂ ಕುಡಿದೆ."

"ಅದು ಕಹಿ ಅಲ್ವಾ?"

"ಥೂ, ಬಿಡ್ತು ಅನ್ನು!" ತುಳಸಮ್ಮನಿಗೆ ನಿಜವಾಗಿ ಸಿಟ್ಟು ಬಂತು. "ಕಾಫಿ ಎಲ್ಲಾದರೂ ಕಹಿ ಆಗುತ್ತೇನೇ? ಕಾಫಿ ಕಾಫಿ!"

"ಹಾಗಾದರೆ ಗುಳಿಗೇನೂ ಕಹಿ ಅಲ್ಲ. ಗುಳಿಗೆ ಗುಳಿಗೆ."

ತುಳಸಮ್ಮ ಅನಂತನ ಕಡೆ ನೋಡಿದರು. "ಶಾಸ್ತ್ರ ಏನನ್ನುತ್ತೆ ಭಟ್ಟರೇ?"

"ಶಾಸ್ತ್ರಕ್ಕೆ ಎರಡೂ ಗೊತ್ತಿಲ್ಲ ಅಮ್ಮಾ" ಎಂದ ಅನಂತ. ಅವನು ಆ ದಿನ ಆಡಿದ ಮಾತುಗಳಲ್ಲಿ ಅದೊಂದೇ ಪೂರ್ತಿ ನಿಜ.

"ಕೊಡೇ ಇಲ್ಲಿ" ಎಂದರು ತುಳಸಮ್ಮ.

ವನಮಾಲಾ ಅವಸರ ಮಾಡಲಿಲ್ಲ. ಹೆಸರು ಕೇಳಿದಳು, ತುಳಸಮ್ಮ ಹೇಳಿದರು. ಸೀಸೆಯ ಮೇಲಿನ ಹೆಸರನ್ನು ಗಟ್ಟಿಯಾಗಿ ಓದಿದಳು. ಮೊದಲ ಡೋಸಿನ ಗುಳಿಗೆಗಳನ್ನು ಒಂದೊಂದಾಗಿ ಅಂಗೈಗೆ ಹಾಕಿ, ಒಂದೊಂದೂ ಬಾಯಿಗೆ ಹೋಗುವುದನ್ನು ನೋಡಿದಳು. ಧಾರೆ ಈ ಸಲ ವಕ್ರವಾಗಿ ಇಳಿದು ಸೆರಗು ನೆನೆಯಿತು. ಕೈಗಳನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು. ಬಾಯಿ ತೆಗೆಸಿದಳು; ಸಿಸ್ಟರ್ ಟಾರ್ಚು ಬಿಟ್ಟರು. ನಾಲಿಗೆಯಡಿ ಏನಿಲ್ಲ, ದವಡೆಯಲ್ಲಿ ಏನಿಲ್ಲ.

"ಹೇಗಿತ್ತು, ಅಜ್ಜೀ?"

ತುಳಸಮ್ಮನ ಮುಖ ಹಿಂಡಿದ ಬಟ್ಟೆಯಂತಾಗಿತ್ತು. "ವಿಷ... ಅಲ್ಲ, ಗುಳಿಗೆ! ಗುಳಿಗೆ ಥರಾನೇ ಇತ್ತು ಕಣೇ!"

ಆಮೇಲೆ ಗುರುತು ಬಿತ್ತು.

ಮಾರನೆಯ ಬೆಳಿಗ್ಗೆ ಡಾಕ್ಟರು ಕ್ವಿನೈನನ್ನು ಒಳಗಿಡಿಸಿದರು. ಗುಳಿಗೆಗಳೆಲ್ಲ ಹೊಟ್ಟೆ ಸೇರಿ ಮುಗಿಯುವ ಹೊತ್ತಿಗೆ ಜ್ವರ ಬೆವರಾಗಿ ಹರಿದುಹೋಯಿತು. ತುಳಸಮ್ಮ ಕಾಫಿ ಕೇಳಿದರು. ಸಿಸ್ಟರ್ ತಮ್ಮ ರೂಮಿನಲ್ಲಿ ತಾವೇ ಮಾಡಿ, ತೊಳೆದಿಟ್ಟ ತಮ್ಮ ಸ್ವಂತ ಲೋಟದಲ್ಲಿ ತಂದರು, ವನಮಾಲಾಳ ಕೈಗೆ ಟ್ರೇ ಕೊಟ್ಟರು, ಅದರ ಮೇಲೆ ಟಾರ್ಚನ್ನೂ ಇಟ್ಟರು.

ವನಮಾಲಾ ಪಕ್ಕದ ಮಂಚಕ್ಕೆ ಹೋದಳು. ತಾರಾದೇವಿ ತಮ್ಮ ರಕ್ತದೊತ್ತಡದ ಗುಳಿಗೆಯನ್ನು ವಿನಯದಿಂದ ಇಸಿದುಕೊಂಡು, ಬಲಗೈಯನ್ನು ಬಾಯಿಗೆ ಒಯ್ದು, ನೀರು ಕುಡಿದರು.

"ಕೈ ತೋರಿಸಿ, ಮಾತಾಜೀ."

ತಾರಾದೇವಿಯ ಬಲಗೈ ಆಗಲೇ ಜಪದ ಕೆಂಪು ಚೀಲದೊಳಗೆ ಸೇರಿತ್ತು. ಕಣ್ಣು ಮುಚ್ಚಿದ್ದವು, ತುಟಿ ಮೆಲ್ಲಗೆ ಆಡುತ್ತಿತ್ತು. ಜಪ ಮುಗಿಯುವ ತನಕ ಕೈ ಹೊರಗೆ ಬರುವಂತಿಲ್ಲ. ಇದು ಕಾಶಿಯಲ್ಲಿ ಹಸುಗೂಸಿಗೂ ಗೊತ್ತು.

"ನಾನು ಹೇಳಿಕೊಟ್ಟದ್ದಲ್ಲಪ್ಪ!" ಎಂದರು ತುಳಸಮ್ಮ ಕಾಫಿಯ ಲೋಟದ ಮೇಲಿಂದ.

ವನಮಾಲಾ ಸ್ಟೂಲನ್ನು ಎಳೆದುಕೊಂಡು, ಟ್ರೇಯನ್ನು ತೊಡೆಯ ಮೇಲಿಟ್ಟು, ಆರಾಮವಾಗಿ ಕೂತಳು.

"ಮುಗಿಸಿ, ಮಾತಾಜೀ. ನಾನು ಇಲ್ಲೇ ಇರ್ತೀನಿ."