ಚಿವುಟಿ ತೆಗೆದ ತುತ್ತು

ಚರ್ರ್ ಅಂತು, ಯಜಮಾನರ ಶೂಸಿನ ಪಟ್ಟಿ ಬಿಚ್ಚಿದ ಸದ್ದು, ಬೇವಿನ ಮರದ ಹತ್ತಿರ ಇವರೇಕೆ ನಿಂತರು, ನಿಲ್ಲಬೇಕಾದವಳು ನಾನಲ್ಲವೇ, ನನ್ನ ಎದೆ ತಿದಿಯ ಹಾಗೆ ಏರಿಳಿಯುತ್ತಿದೆ, ಆದರೆ ಬಾಯಿ ಬಿಡಬಾರದು, ಬಿಟ್ಟರೆ ನಾಳೆಯಿಂದ ನೀನು ಮನೇಲೇ ಇರು ಅಂತಾರೆ, ನಾನಿಲ್ಲದೆ ಒಬ್ಬರೇ ನಡೆಯಲು ಬರುವವರಲ್ಲ, ಇಷ್ಟು ಕಷ್ಟಪಟ್ಟು ಕರಗಿದ ಮೈ ಮತ್ತೆ ತುಂಬಿಕೊಳ್ಳುತ್ತದೆ, ಶುಗರ್ ಏರುತ್ತದೆ — ಗೋವಿಂದರಾಜನಗರದ ಈ ಪಾರ್ಕಿಗೆ ಮೊದಲ ದಿನ ಬಂದಾಗ ಈ ಮರದ ತನಕ ಬರುವುದೇ ಅವರಿಗೆ ದೊಡ್ಡದಾಗಿತ್ತು, ಕಾಮಾಕ್ಷಿಪಾಳ್ಯದ ಕಾರ್ಖಾನೆಯಲ್ಲಿ ಲೇತ್ ಮೆಷಿನ್ ಮುಂದೆ ಆಯುಷ್ಯವೆಲ್ಲ ನಿಂತ ಮನುಷ್ಯ, ಕೆಲಸ ಬಿಟ್ಟ ಮೇಲೆ ಕೂತು ಕೂತು ಬೆಳೆದ ಹೊಟ್ಟೆ, ಸುಸ್ತಾಯ್ತು ಅನ್ನಲು ಮಾನ ಅಡ್ಡ, ಆಗ ನಾನೇ ನಿಲ್ಲುತ್ತಿದ್ದೆ, ರೀ ಸ್ವಲ್ಪ ತಡೀರಿ, ಚಪ್ಪಲಿ ಕಳಚ್ಕೊಂತು, ಅಂತ ಬಗ್ಗಿ ಸುಮ್ಮನೆ ಅದನ್ನೇ ತಡವುತ್ತಿದ್ದೆ, ಅವರ ಉಸಿರು ಹದಕ್ಕೆ ಬರುವ ತನಕ, ಇದೆಂಥ ಚಪ್ಪಲೀನೇ ಪಟಾಲಿ, ದಿನಾ ಕಳಚ್ಕೊಳತ್ತೆ, ಹೊಸಾದು ತಗೋಬಾರ್ದೇನೇ, ಅನ್ನುತ್ತಿದ್ದರು, ಆಗಲಿ ಬಿಡಿ, ತಗೊಂಡ್ರಾಯ್ತು — ಅದಕ್ಕೂ ಮೊದಲು ಪಕ್ಕದ ಮನೆ ಜಗನ್ನಾಥನ ಮಾತು ಕೇಳಿ ಬರೀ ಸೌತೆಕಾಯಿ ತಿಂದುಕೊಂಡಿದ್ದು ಬಸ್ ಸ್ಟಾಪಿನಲ್ಲಿ ಕಣ್ಣು ಕತ್ತಲೆ ಬಂದು ಕುಸಿದಿದ್ದರು, ಇಳಿದ ತೂಕ ಒಂದಕ್ಕೆರಡಾಗಿ ವಾಪಸ್ ಬಂತು, ಡಾಕ್ಟರಮ್ಮ ಬೈದರು, ಉಪವಾಸ ಬೇಡ ಮುನಿರಾಮಯ್ಯನವ್ರೇ, ಸೊಪ್ಪು ಕಾಳು ಚೆನ್ನಾಗಿ ತಿನ್ನಿ, ಮುದ್ದೆ ಸ್ವಲ್ಪ ಸಣ್ಣದು ಮಾಡ್ಸಿ, ದಿನಾ ನಡೀರಿ, ನಿಧಾನಕ್ಕೆ ಇಳಿದಿದ್ದೇ ನಿಲ್ಲೋದು — ಸಣ್ಣದು ಅಂದರು, ನನ್ನ ಕೈ ಕೇಳಬೇಕಲ್ಲ, ಮದುವೆಯಾಗಿ ಬಂದಾಗಿನಿಂದ ಹಿಟ್ಟು ಸುರಿಯುವುದು ಹಿಡಿಯ ಅಳತೆಯಲ್ಲೇ, ಅಂಗೈ ಒದ್ದೆ ಮಾಡಿ ತಿರುಗಿಸಿದರೆ ಅದೇ ಹಳೆಯ ಗಾತ್ರ, ಹಾಗಾಗಿ ಕಟ್ಟಿದ ಮುದ್ದೆಯಿಂದ ಒಂದು ತುತ್ತು ಚಿವುಟಿ ತೆಗೆದು ಮತ್ತೆ ದುಂಡಗೆ ಮಾಡಿ ಅವರ ತಟ್ಟೆಗೆ, ಚಿವುಟಿದ್ದನ್ನು ಬಿಸಾಡಲು ಮನಸ್ಸು ಬರುವುದೇ, ಸಾರಿಗೆ ಅದ್ದಿ ಒಲೆಯ ಮುಂದೆಯೇ ನನ್ನ ಬಾಯಿಗೆ, ನಿಂತು ತಿಂದಿದ್ದು ಊಟದ ಲೆಕ್ಕಕ್ಕೆಲ್ಲಿ ಬರುತ್ತದೆ, ಆಮೇಲೆ ಕೂತು ನನ್ನ ಊಟ ಬೇರೆ — ಮೊನ್ನೆ ಮೊಮ್ಮಗಳು ಧನ್ಯಶ್ರೀ ನನ್ನ ರವಿಕೆಯ ಹೊಲಿಗೆ ಬಿಚ್ಚಿ ಸಡಿಲ ಮಾಡಿಕೊಡುತ್ತಾ ನಕ್ಕಿದ್ದೇ ನಕ್ಕಿದ್ದು, ಅಜ್ಜೀ, ತಾತ ಕಳ್ಕೊಂಡಿದ್ದೆಲ್ಲಾ ನಿಂಗೇ ಸಿಕ್ಬಿಟ್ಟಿದೆ ನೋಡು, ಶ್, ಮೆಲ್ಲಗೆ ಕಣೇ, ತಾತಂಗೆ ಕೇಳಿಸ್ತು ಅಂದ್ರೆ — ಕೇಳಿಸಿತ್ತೇ, ಪೇಪರ್ ಹಿಡಿದು ಕೂತಿದ್ದರಲ್ಲ ಅಲ್ಲೇ —

ಚರ್ರ್, ಮತ್ತೆ ಬಿಚ್ಚಿದರು, ಮತ್ತೆ ಒತ್ತಿದರು, ಹೋಗೋಣ್ವೇನ್ರಿ, ಎಳೆದುಕೊಂಡ ನಗು ನನ್ನದು, ತಡಿಯೇ, ಇದು ಸರಿಯಾಗಿ ಹಿಡೀತಾ ಇಲ್ಲ, ತಲೆಯನ್ನೇ ಎತ್ತುವುದಿಲ್ಲ, ಧನ್ಯ ಮೊನ್ನೆ ಮೊನ್ನೆ ತಂದುಕೊಟ್ಟ ಹೊಸ ಶೂಸು, ಒತ್ತಿದರೆ ಅಂಟಿಕೊಳ್ಳುವ ಪಟ್ಟಿ, ಅದಕ್ಕೆ ಏನು ಬಂತು, ಹೋದ ವರ್ಷದವರೆಗೂ ಹೊಟ್ಟೆ ಅಡ್ಡ ಬಂದು ಕೈ ಕಾಲಿಗೆ ಎಟುಕುತ್ತಿರಲಿಲ್ಲ, ನಾನೇ ತೊಡಿಸಬೇಕಿತ್ತು, ಈಗ ನೋಡು ಹೇಗೆ ಬಗ್ಗಿದ್ದಾರೆ, ಪಟಾಲೀ, ಅಂದರು, ನೆಲಕ್ಕೆ ಹೇಳಿದ ಹಾಗೆ, ನಾಳೆ ಹಿಟ್ಟು ಹಾಕೋವಾಗ ನನ್ನ ಕರಿ, ಒಂದು ಹಿಡಿ ಕಮ್ಮಿ ಹಾಕೋಣ, ಇಬ್ರಿಗೂ — ಮರಕ್ಕೆ ಕೈಯೂರಿ ನಿಂತೆ, ನನ್ನ ಏದುಸಿರು ಇಳಿಯುತ್ತಿದೆ, ನಿಧಾನಕ್ಕೆ ಇಳಿಯುತ್ತಿದೆ, ಅವರ ಬೆನ್ನ ಮೇಲೊಂದು ಬೇವಿನೆಲೆ, ಆತುರವೇ ಇಲ್ಲ ಅವರಿಗೆ, ಬಗ್ಗಿದ ಬೆನ್ನು, ಪಟ್ಟಿಯ ಮೇಲೆ ಬೆರಳು, ಚರ್ರ್