ಅಳು ಬಾರದ ಅಕ್ಕ

ಪಾಳಾ ಎಂಬ ಊರಿನ ಹತ್ತಿರದ ಲಂಬಾಣಿ ತಾಂಡಾದಲ್ಲಿ ಹೆಣ್ಣುಮಕ್ಕಳಿಗೆ ರೊಟ್ಟಿ ಬಡಿಯಲು ಕಲಿಸುವ ಮೊದಲೇ ಅಳಲು ಕಲಿಸುತ್ತಾರೆ. ಸುಮ್ಮನೆ ಮೂಗೊರೆಸಿಕೊಳ್ಳುವ ಅಳು ಅಲ್ಲ. ಎದುರಿನವರ ಕೊರಳು ತಬ್ಬಿ, ರಾಗ ಎತ್ತಿ, ಅವರ ಗುಣವನ್ನೂ ತಮ್ಮ ಸಂಕಟವನ್ನೂ ಹಾಡಿನಲ್ಲಿ ಹೇಳಿ ಹೇಳಿ ಅಳಬೇಕು. ದೂರದ ನಂಟರು ಬಂದರೂ ಹಾಗೇ, ಸಾವಾದರೂ ಹಾಗೇ. ಮದುವಣಗಿತ್ತಿ ತವರು ಬಿಡುವಾಗಲಂತೂ ಢಾವಲೋ ಹಾಡಿ ಅಳದಿದ್ದರೆ ಆ ಮದುವೆಗೆ ಮಾನವೇ ಇಲ್ಲ. ಅಳದವಳಿಗೂ ದುಃಖವಿದೆ ಎಂದರೆ ಅಲ್ಲಿ ಯಾರೂ ನಂಬುವುದಿಲ್ಲ.

ಥಾವರೆಪ್ಪನ ಇಬ್ಬರು ಹೆಣ್ಣುಮಕ್ಕಳಲ್ಲಿ ಸಣ್ಣವಳು ಸೋಮಿಬಾಯಿ ಅಳುವುದರಲ್ಲಿ ಎತ್ತಿದ ಕೈ. ಬಸ್ಸಿನಿಂದಿಳಿದ ಸೋದರತ್ತೆಯನ್ನು ತಬ್ಬಿ ಅವಳು ರಾಗ ತೆಗೆದಳೆಂದರೆ, ತನಗೆ ಇಷ್ಟೆಲ್ಲ ಗುಣಗಳಿವೆ ಎಂದು ಆ ಅತ್ತೆಗೆ ಅಂದೇ ಗೊತ್ತಾಗುತ್ತಿತ್ತು. ದೊಡ್ಡವಳು ಶಾಂತಿಬಾಯಿಗೆ ಮಾತ್ರ ಅಳು ಗಂಟಲಲ್ಲೇ ಸಿಕ್ಕಿಕೊಳ್ಳುತ್ತಿತ್ತು. ದುಃಖ ಹೆಚ್ಚಾದಷ್ಟೂ ಅವಳ ಕೈ ಕೆಲಸ ಹುಡುಕುತ್ತಿತ್ತು. ನೀರು ತರುವುದು, ಒಲೆ ಹೊತ್ತಿಸುವುದು, ಬಂದವರಿಗೆ ಚಾಪೆ ಹಾಸುವುದು. ತನ್ನ ಹೊಟ್ಟೆಯಲ್ಲಿ ಕಲ್ಲು ಹುಟ್ಟಿದೆ ಎಂದು ತಾಯಿಯೇ ನಗೆಯಾಡುತ್ತಿದ್ದಳು. ತಮಾಷೆಗೆ ಅಂದದ್ದು ತಾಂಡಾದವರ ಬಾಯಲ್ಲಿ ಹೆಸರಾಗಿ ನಿಂತಿತು.

ಶಾಂತಿ ಶಾಲೆಗೆ ಸೇರಿದ್ದು ತಡವಾಗಿ. ನಡುವೆ ಬಿಟ್ಟು, ಮತ್ತೆ ಸೇರಿ, ಇಪ್ಪತ್ತು ತುಂಬಿದ ಮೇಲೆ ಮುಂಡಗೋಡದಲ್ಲಿ ಎರಡನೇ ಪಿಯುಸಿ ಓದುತ್ತಿದ್ದಳು. ಎಂಬತ್ಮೂರನೇ ಇಸವಿಯ ಮಾತು. ಅಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಬಸಲಿಂಗಯ್ಯ ಸರ್ ಹಳೆಯದೊಂದು ಇಂಗ್ಲಿಷ್ ಕಾದಂಬರಿಯ ಪಾಠ ಮಾಡಿದರು. ಅದರಲ್ಲಿಯೂ ಇಬ್ಬರು ಅಕ್ಕತಂಗಿಯರು. ತಂಗಿಯದು ಎಲ್ಲವೂ ಮುಖದ ಮೇಲೆಯೇ. ಅಕ್ಕ ತನ್ನ ಸಂಕಟ ನುಂಗಿಕೊಂಡು ಬಂದವರಿಗೆಲ್ಲ ಚಹಾ ಬಗ್ಗಿಸುವವಳು. ಇವರಿಬ್ಬರನ್ನು ಹೋಲಿಸಿ ಬರೆಯಿರಿ ಎಂಬ ಪ್ರಶ್ನೆ ಪರೀಕ್ಷೆಗೆ ಬಂದೇ ಬರುತ್ತದೆ ಎಂದು ಸರ್ ಹೇಳಿ, ಯಾರು ಇಷ್ಟವಾದರು ಎಂದು ಕೇಳಿದರು. ತರಗತಿಗೆ ತರಗತಿಯೇ ತಂಗಿ ಎಂದಿತು. ಶಾಂತಿ ಒಬ್ಬಳೇ ಎದ್ದು ನಿಂತು ಅಕ್ಕ ಎಂದಳು.

ಸರ್‌ಗೆ ಖುಷಿಯಾಯಿತು. 'ಖರೆ ಹೇಳಿದಿ. ಅಕ್ಕನ ದುಃಖ ತಂಗೀಕಿಂತ ಸಣ್ಣದಲ್ಲ. ಆಕಿ ಬಾಯಿ ಬಿಟ್ಟು ಹೇಳಲಿಲ್ಲ, ಅಷ್ಟ. ಕಡೀಕ ಆಕಿ ಮನಸ್ಸು ಎಲ್ಲಾರಿಗೂ ತಿಳೀತೈತಿ, ಬಯಸಿದಾವನೂ ಸಿಗ್ತಾನ.'

ಶಾಂತಿ ಆ ಮಾತನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ತನ್ನಂಥವಳು ಕಲ್ಲಲ್ಲ ಎಂದು ಅಚ್ಚಾದ ಪುಸ್ತಕವೊಂದು ಹೇಳಿದ್ದನ್ನು ಅವಳು ಕೇಳಿದ್ದು ಅದೇ ಮೊದಲು. ಪಾಪ, ಅವಳನ್ನು ಬೈಯುವುದು ಹೇಗೆ? ಆದರೆ ಪುಸ್ತಕ ಇಂಗ್ಲೆಂಡಿನದು, ಮದುವೆಯಾಗಬೇಕಾದದ್ದು ತಾಂಡಾದಲ್ಲಿ.

ಅವಳು ಬಯಸಿದವನು ಭೀಮಸಿಂಗ್. ತಾಂಡಾದ ಆಚೆ ಬದಿಯ ಮನೆಯವನು, ದಾಂಡೇಲಿಯಲ್ಲಿ ಕಾಗದದ ಕಾರ್ಖಾನೆ ಕೆಲಸ. ವಾರದ ರಜೆಗೆ ಬರುವಾಗ ಅವಳಿಗೆ ಬರೆಯಲೆಂದು ಬಿಳಿ ಹಾಳೆ ತರುತ್ತಿದ್ದ. ಅವನ ತಾಯಿಗೆ ಲಕ್ವಾ ಹೊಡೆದು ಮಾತೂ ಬಿದ್ದುಹೋಗಿತ್ತು. ಅವನ ಅಕ್ಕ ದೂರದ ಹಳಿಯಾಳದ ಕಡೆ ಮದುವೆಯಾಗಿ ಹೋದವಳು. ಹೀಗಾಗಿ ಮುದುಕಿಯ ಮೈ ತೊಳೆದು, ಗಂಜಿ ಕುಡಿಸಿ, ಮಗ್ಗುಲು ಬದಲಿಸುವ ಕೆಲಸವನ್ನು ಶಾಂತಿ ಕಾಲೇಜಿನಿಂದ ಬಂದವಳೇ ಮಾಡುತ್ತಿದ್ದಳು. ಒಮ್ಮೆ ಭೀಮಸಿಂಗ್ ಬಾಗಿಲಲ್ಲಿ ನಿಂತು, ಅತ್ತ ಇತ್ತ ನೋಡಿ, 'ಯಾಡಿಗೆ ಆರಾಮ ಆಗ್ಲಿ, ನಿಮ್ಮ ಅಪ್ಪಗ ಕೇಳ್ತೇನಿ' ಎಂದಿದ್ದ. ಯಾಡಿ ಎಂದರೆ ತಾಯಿ. ಹಾಸಿಗೆಯಲ್ಲಿದ್ದ ಆ ತಾಯಿ ಅದನ್ನು ಕೇಳಿಸಿಕೊಂಡು ಶಾಂತಿಯ ಕೈ ಹಿಡಿದು ಒತ್ತಿದಳು. ಇದ್ದ ಒಬ್ಬಳೇ ಸಾಕ್ಷಿ, ಅವಳಿಗೂ ಮಾತಿರಲಿಲ್ಲ.

ಮುದುಕಿಗೆ ಆರಾಮವಾಗಲಿಲ್ಲ. ಒಂದು ಬೆಳಗ್ಗೆ ಶಾಂತಿಯ ತೊಡೆಯ ಮೇಲೆಯೇ ಜೀವ ಹೋಯಿತು. ಕಣ್ಣು ಮುಚ್ಚಿಸಿದವಳು ಅವಳೇ, ಮೈ ತೊಳೆದು, ಕೂದಲು ಬಾಚಿ, ಮದುವೆಯ ಕನ್ನಡಿ ಹಚ್ಚಿದ ಕಾಂಚಳಿ ರವಿಕೆ ತೊಡಿಸಿದವಳೂ ಅವಳೇ. ಮಧ್ಯಾಹ್ನದ ಬಸ್ಸಿಗೆ ಭೀಮಸಿಂಗ್ ಬಂದ. ಅಂಗಳದ ತುಂಬ ಹೆಂಗಸರು ಹೋ ಎಂದು ರಾಗ ತೆಗೆದರು. ಅವನು ಎಲ್ಲರನ್ನೂ ದಾಟಿ ನೇರ ಶಾಂತಿಯ ಎದುರು ಬಂದು ನಿಂತ, ಅವಳು ಯಾಡಿಯನ್ನು ನೆನೆದು ಅಳಲಿ ಎಂದು ಕಾದ. ಅವಳಿಗೆ ರಾಗ ಬರಲಿಲ್ಲ. ತಂಬಿಗೆ ಮುಂದೆ ಮಾಡಿ, 'ನೀರು ಕುಡಿ, ದಣದು ಬಂದಿ' ಎಂದಳು.

ತಂಬಿಗೆಯನ್ನೇ ನೋಡಿದ ಅವನು ಮುಖ ತಿರುಗಿಸಿದ.

ಅಷ್ಟರಲ್ಲಿ ಸೋಮಿ ಬಂದಳು. ಹಳಿಯಾಳದಿಂದ ಬಂದಿದ್ದ ಭೀಮಸಿಂಗನ ಅಕ್ಕನ ಕೊರಳಿಗೆ ಬಿದ್ದು ಶುರುಮಾಡಿದಳು. ದಾಂಡೇಲಿಯ ಬಸ್ಸಿನ ಸದ್ದಿಗೆ ಕಣ್ಣು ತೆರೆಯುತ್ತಿದ್ದೆಯಲ್ಲ ಯಾಡಿ, ಗಂಜಿಯ ಬಟ್ಟಲು ದೂಡಿ ಮಗ ಉಂಡನೇ ಎಂದು ಕಣ್ಣಲ್ಲೇ ಕೇಳುತ್ತಿದ್ದೆಯಲ್ಲ ಯಾಡಿ, ಇನ್ನು ಯಾರು ಕೇಳುತ್ತಾರೆ. ಕೇಳಿದವರ ಕರುಳು ಕಿತ್ತು ಬರುವಂಥ ಅಳು. ಭೀಮಸಿಂಗ್ ಕುಸಿದು ಕೂತು ಮಗುವಿನಂತೆ ಅತ್ತ. ಸೋಮಿ ಆ ಮನೆಯ ಹೊಸ್ತಿಲು ತುಳಿದದ್ದೇ ಅಪರೂಪ. ಬಸ್ಸಿನ ಸದ್ದು, ದೂಡಿದ ಬಟ್ಟಲು ಎಲ್ಲವೂ ಶಾಂತಿ ಮನೆಗೆ ಬಂದು ತಂಗಿಯ ಮುಂದೆ ಹೇಳಿಕೊಂಡದ್ದು. ಶಾಂತಿಗೆ ಅದು ಗೊತ್ತಾಯಿತು. ಗೊತ್ತಾಗಿಯೂ ಹಿತ್ತಲಿಗೆ ಹೋಗಿ, ಹೆಣ ಸಾಗಿಸಿ ಬರುವವರ ಸ್ನಾನದ ನೀರಿಗೆ ಕಟ್ಟಿಗೆ ಒಟ್ಟಿದಳು.

ದಿನಕರ್ಮಗಳು ಮುಗಿದು ಕೆಲವು ತಿಂಗಳು ಕಳೆದ ಮೇಲೆ ಭೀಮಸಿಂಗ್ ಹಿರಿಯರನ್ನು ಕರೆದುಕೊಂಡು ಥಾವರೆಪ್ಪನ ಮನೆಗೆ ಬಂದ. ಶಾಂತಿ ಒಳಗೆ ಚಹಾಕ್ಕೆ ನೀರಿಟ್ಟಳು. ಕಾದಂಬರಿಯ ಕೊನೆಯ ಅಧ್ಯಾಯ ತನ್ನ ಪಡಸಾಲೆಗೇ ಬಂದು ಕೂತಿದೆ ಎಂದುಕೊಂಡಳು. ಅವರು ಕೇಳಿದ್ದು ಸೋಮಿಯನ್ನು. ದೊಡ್ಡಾಕೆ ಇರುವಾಗ ಸಣ್ಣಾಕೆಯನ್ನು ಹೇಗೆ ಕೊಡುವುದು ಎಂದು ಥಾವರೆಪ್ಪ ತಡವರಿಸಿದ. ದೊಡ್ಡಾಕೆಯೇ ನಿನ್ನ ತಾಯಿಯ ಸೇವೆ ಮಾಡಿದವಳು ಎಂದೂ ನೆನಪಿಸಿದ. ಆಗ ಭೀಮಸಿಂಗನ ಮಾತು ಒಲೆಯ ತನಕ ಕೇಳಿಸಿತು.

'ಮಾಡಿದಳ್ರಿ, ಇಲ್ಲ ಅನ್ನೂದಿಲ್ಲ. ದವಾಖಾನ್ಯಾಗ ನರ್ಸಬಾಯಾರೂ ಮಾಡ್ತಾರ. ಸತ್ತಾಗ ಅಳಾಕ ಸೋಮಿನ ಬೇಕಾತು.'

ಶಾಂತಿ ಚಹಾ ಸೋಸಿದಳು. ಹೊರಗೆ ತಂದು ಒಬ್ಬೊಬ್ಬರಿಗೂ ಕೊಟ್ಟಳು, ಒಂದು ಹನಿ ಚೆಲ್ಲಲಿಲ್ಲ. ಆ ಇಂಗ್ಲಿಷ್ ಅಕ್ಕನಿಗೂ ಇಷ್ಟು ನೆಟ್ಟಗೆ ಬಗ್ಗಿಸಲು ಬರುತ್ತಿರಲಿಲ್ಲವೇನೋ.

ಸೋಮಿ ಕೆಟ್ಟವಳಲ್ಲ. ಕೆಟ್ಟವಳಾಗಿದ್ದರೆ ನಮಗೂ ಬೈಯಲು ಒಬ್ಬರು ಸಿಗುತ್ತಿದ್ದರು. ಮರುದಿನ ಬಾವಿಕಟ್ಟೆಯಲ್ಲಿ ಅಕ್ಕನ ಕೈಯ ಹಗ್ಗ ಹಿಡಿದು ನಿಲ್ಲಿಸಿ ಕೇಳಿಯೇಬಿಟ್ಟಳು. 'ಅಕ್ಕಾ, ಆತನ ಮ್ಯಾಲ ನಿನ್ನ ಮನಸೈತೇನು? ಇದ್ರ ಹೇಳು, ನಾ ಒಲ್ಲೆ ಅಂತೇನಿ.'

'ನನಗೇನಿಲ್ಲ. ನೀ ಮಾಡ್ಕೋ' ಎಂದಳು ಶಾಂತಿ.

ಇಲ್ಲಿ ಮಾತ್ರ ಅವಳ ಮೇಲೆ ಸಿಟ್ಟು ಬರುತ್ತದೆ. ಒಂದು ಮಾತು, ಬಾಯಿ ಬಿಟ್ಟಿದ್ದರೆ ಸಾಕಿತ್ತು. ಬಿಡಲಿಲ್ಲ. ಕೇಳಿಸಿಕೊಂಡು ತಿಳಿದುಕೊಂಡರೆ ಅದೇನು ತಿಳಿದ ಹಾಗೆ, ಹೇಳದೆ ತಿಳಿಯಬೇಕು ಎಂಬ ಹುಚ್ಚು ಅವಳ ತಲೆಗೆ ಹತ್ತಿತ್ತು. ಬೆಲ್ಲ ಹಂಚಿ ಮಾತು ಗಟ್ಟಿ ಮಾಡಿದರು. ಅವಳೇ ಮನೆ ಮನೆಗೆ ಹೋಗಿ ಬೆಲ್ಲ ಕೊಟ್ಟು ಬಂದಳು.

ಮದುವೆ ಮುಗಿಯಿತು. ಸೋಮಿಯನ್ನು ದಾಂಡೇಲಿಗೆ ಕರೆದೊಯ್ಯಲು ಗಂಡಿನ ಕಡೆಯವರು ತಂದಿದ್ದ ಜೀಪು ತಾಂಡಾದ ಬೇವಿನ ಮರದ ಕೆಳಗೆ ಗುರುಗುಟ್ಟುತ್ತಿತ್ತು. ಸೋಮಿ ಅಪ್ಪನನ್ನು, ತಾಯಿಯನ್ನು ತಬ್ಬಿ ಢಾವಲೋ ಹಾಡಿ ಅತ್ತು, ಕೊನೆಗೆ ಅಕ್ಕನ ಕೊರಳಿಗೆ ಬಿದ್ದಳು. ಹೆಂಗಸರು ಒಬ್ಬರನ್ನೊಬ್ಬರು ತಿವಿದರು. ಕಲ್ಲನ್ನು ತಬ್ಬಿದ್ದಾಳೆ, ಏನು ಬರುತ್ತದೆ ನೋಡೋಣ ಎಂದು.

ತಂಗಿಯ ಬಿಸಿ ಕಣ್ಣೀರು ಕೊರಳಿಗೆ ತಾಗಿದ್ದೇ ತಡ, ಶಾಂತಿಯ ಗಂಟಲು ಬಿಚ್ಚಿಕೊಂಡಿತು. ಯಾರೂ ಕೇಳರಿಯದ ದನಿ. ನನ್ನ ಹಾಸಿಗೆಯ ಮಗ್ಗುಲು ಬರಿದಾಯಿತು, ನಾನು ಕಾದಿದ್ದ ಬಸ್ಸು ನನ್ನ ಬಿಟ್ಟು ಹೋಯಿತು, ತುಂಬಿದ ತಂಬಿಗೆ ಹಿಡಿದು ನಿಂತೆ, ಕುಡಿಯುವವರು ಮುಖ ತಿರುಗಿಸಿದರು, ಇನ್ನು ಯಾರಿಗೆ ಕೊಡಲಿ. ರಾಗ ತಪ್ಪಲಿಲ್ಲ, ಮಾತು ತಡೆಯಲಿಲ್ಲ. ಯಾರ ಹೆಸರೂ ಬಾರದೆ ಅಷ್ಟು ದಿನದ್ದೆಲ್ಲ ಬಂತು, ಮುದುಕಿಯ ಸಾವೂ ಬಂತು, ಬಿಳಿ ಹಾಳೆಯೂ ಬಂತು. ತಾಂಡಾಕ್ಕೆ ತಾಂಡಾವೇ ಕಣ್ಣೊರೆಸಿಕೊಂಡಿತು. ತಂಗಿಯ ಮೇಲೆ ಎಂಥ ಜೀವ ಇಟ್ಟಿದ್ದಳು ನೋಡಿ ಎಂದು ಮುದುಕಿಯರು ಹೊಗಳಿದರು.

ಶಾಂತಿ ಕಣ್ಣೆತ್ತಿ ಜೀಪಿನ ಕಡೆ ನೋಡಿದಳು. ಈಗಲಾದರೂ ಅವನಿಗೆ ತಿಳಿದಿರಬೇಕು. ತಂಬಿಗೆಯ ಮಾತು ಅವನಿಗಲ್ಲದೆ ಮತ್ತಾರಿಗೆ? ಭೀಮಸಿಂಗ್ ಅವಳನ್ನೇ ನೋಡುತ್ತಿದ್ದ. ಪಕ್ಕದಲ್ಲಿದ್ದ ತನ್ನ ಅಕ್ಕನಿಗೆ, ಎಲ್ಲರಿಗೂ ಕೇಳುವಂತೆಯೇ ಹೇಳಿದ.

'ನೋಡಿದೇನು? ಅಳಾಕ ಬರ್ತೈತಿ ಆಕಿಗೆ. ತನ್ನ ತಂಗೀಗೆ ಇಷ್ಟ ಅತ್ತಳು, ನಮ್ಮ ಯಾಡಿಗೆ ಒಂದು ಹನಿ ಇರಲಿಲ್ಲ ಆಕಿ ಕಡೆ.'

ಜೀಪು ಮುಂಡಗೋಡದ ರಸ್ತೆ ಹಿಡಿಯಿತು. ಶಾಂತಿ ಮದುವೆಯ ಪಾತ್ರೆಗಳನ್ನು ತೊಳೆಯಲು ಕೂತಳು.

ಬೇಸಿಗೆಯ ಪರೀಕ್ಷೆಯಲ್ಲಿ ಸರ್ ಹೇಳಿದ್ದ ಪ್ರಶ್ನೆಯೇ ಬಂತು. ಇಬ್ಬರು ಅಕ್ಕತಂಗಿಯರನ್ನು ಹೋಲಿಸಿ ಬರೆಯಿರಿ. ಶಾಂತಿ ಪಾಸಾಗಬೇಕಿತ್ತು, ಈ ತಾಂಡಾ ಬಿಟ್ಟು ಹೋಗಲು ಅವಳಿಗೆ ಉಳಿದದ್ದು ಅದೊಂದೇ ದಾರಿ. ಆದ್ದರಿಂದ ಕಲಿಸಿದ್ದನ್ನೇ ಬರೆದಳು. ಅಕ್ಕ ತನ್ನ ದುಃಖವನ್ನು ಯಾರಿಗೂ ತೋರಿಸಲಿಲ್ಲ, ಕೊನೆಗೆ ಅವಳ ಮನಸ್ಸು ಎಲ್ಲರಿಗೂ ತಾನಾಗಿಯೇ ತಿಳಿಯಿತು ಎಂದು ಬರೆದು, ಕೆಳಗೆ ನೇರವಾಗಿ ಒಂದು ಗೆರೆ ಎಳೆದಳು.