ನನ್ನ ಹೊಟ್ಟೆಯೊಳಗಿನ ಖಾಲಿ ಜಾಗ

ನಾನು ಒಂದು ಗೇಮಿಂಗ್ ಲ್ಯಾಪ್‌ಟಾಪ್. ಹುಟ್ಟಿದಾಗಿನಿಂದ ನೆಮ್ಮದಿಯಾಗಿ ಕೂತ ಜೀವವಲ್ಲ. ನನ್ನೊಳಗೆ ಎರಡು ಫ್ಯಾನುಗಳಿದ್ದವು. ಒಂದು ನಿಂತರೆ ಇನ್ನೊಂದು ಗೊಣಗುತ್ತಿತ್ತು. ಎರಡೂ ಸೇರಿ ತಿರುಗಿದರೆ ಹಿಟ್ಟಿನ ಗಿರಣಿಯ ಪಕ್ಕ ನಿಂತ ಹಾಗೆ.

ನಾನು ಹುಟ್ಟಿದ್ದು ಸಮುದ್ರದಾಚೆಯ ಒಂದು ಕಾರ್ಖಾನೆಯಲ್ಲಿ. ಕೈಗವಸು ತೊಟ್ಟ ಹೆಣ್ಣುಮಗಳೊಬ್ಬಳು ನನ್ನ ಬೆನ್ನಿಗೆ ತಿರುಪು ಬಿಗಿದು, ಕೊನೆಯ ತಿರುಪಿನ ಮೇಲೆ ಬೆಳ್ಳಿ ಬಣ್ಣದ ಚೀಟಿ ಅಂಟಿಸಿದಳು. ಆ ಚೀಟಿ ಹರಿದರೆ ಗ್ಯಾರಂಟಿ ಹೋಯಿತು ಎಂದರ್ಥ. ಹಾಗಾಗಿ ನನ್ನ ಹೊಟ್ಟೆಯಲ್ಲಿ ಏನಿದೆ, ಏನಿಲ್ಲ ಎಂಬುದು ನನಗೂ ತಿಳಿಯಲಿಲ್ಲ, ನನ್ನನ್ನು ಕೊಂಡವರಿಗೂ ತಿಳಿಯಲಿಲ್ಲ.

ಕಣ್ಣು ಬಿಟ್ಟದ್ದು ಹುಬ್ಬಳ್ಳಿಯ ಒಂದು ಗಾಜಿನ ಅಂಗಡಿಯಲ್ಲಿ. ನನ್ನ ಕೀಲಿಗಳ ಕೆಳಗೆ ಕೆಂಪು, ಹಸಿರು, ನೀಲಿ ದೀಪಗಳು ಓಡಾಡುತ್ತಿದ್ದವು. ಒಂದು ದಿನ ಬ್ಯಾಡಗಿಯಿಂದ ಅಣ್ಣ ತಂಗಿ ಬಂದರು. ಅಣ್ಣ ಮುತ್ತು, ಫ್ಲೆಕ್ಸ್ ಬ್ಯಾನರ್ ಅಂಗಡಿಯವನು. ಬಂದದ್ದು ಬ್ಯಾನರ್ ಡಿಸೈನಿಗೆ ಕಂಪ್ಯೂಟರ್ ಬೇಕೆಂದು. ಆದರೆ ಅವನ ಕಣ್ಣು ನನ್ನ ಪರದೆಯ ಮೇಲೆ ಓಡುತ್ತಿದ್ದ ಕಾರಿನ ಮೇಲಿತ್ತು. ತಂಗಿ ದಾನಮ್ಮ ಬಾಗಿಲ ಹತ್ತಿರವೇ ಚೀಲ ಹಿಡಿದು ನಿಂತಿದ್ದಳು. ತಣ್ಣನೆಯ ನೆಲದ ಮೇಲೆ ಚಪ್ಪಲಿ ಹಾಕಿಕೊಂಡು ಬರಬಹುದೋ ಇಲ್ಲವೋ ಎಂದು ಅವಳಿಗೆ ಅನುಮಾನ.

ಅಂಗಡಿಯವನು ನನ್ನ ಬೆನ್ನು ತಟ್ಟಿ ಹೇಳಿದ: “ಇದರಾಗ ಇನ್ನೊಂದು ಸ್ಲಾಟ್ ಖಾಲಿ ಐತ್ರಿ. ಮುಂದ ಬೇಕಂದಾಗ ಒಂದು ರ‍್ಯಾಮ್ ಹಾಕಸ್ರಿ, ಹೊಸಾದ ಆಗಿಬಿಡ್ತೈತಿ.”

“ಕೇಳಿದ್ಯಾ ದಾನೂ? ಬೆಳಿಯೂ ಕೂಸು ಇದ್ದಂಗ ಇದು,” ಎಂದ ಮುತ್ತು.

ದಾನಮ್ಮ ತಲೆಯಾಡಿಸಿದಳು. ನಾನೂ ಕೇಳಿಸಿಕೊಂಡೆ. ರ‍್ಯಾಮ್ ಎಂದರೆ ಬೆರಳುದ್ದದ ಹಸಿರು ಪಟ್ಟಿ. ಮಾಡುತ್ತಿರುವ ಕೆಲಸವನ್ನು ನಾನು ನೆನಪಿಟ್ಟುಕೊಳ್ಳುವುದು ಅದರಲ್ಲೇ. ಅಂಥ ಒಂದು ಪಟ್ಟಿ ನನ್ನಲ್ಲಿ ಇತ್ತು, ಇನ್ನೊಂದಕ್ಕೆ ಜಾಗ ಕಾದಿದೆಯಂತೆ. ಅಂದಿನಿಂದ ಆ ಖಾಲಿ ಜಾಗ ನನಗೆ ಹಸಿವಿನಂತೆ ಹತ್ತಿಕೊಂಡಿತು.

ಬ್ಯಾಡಗಿಯ ಗಾಳಿಯೇ ಖಾರ. ಮೆಣಸಿನಕಾಯಿ ಸುಗ್ಗಿಯಲ್ಲಿ ರಸ್ತೆಯಲ್ಲಿ ಹೋಗುವವರೆಲ್ಲ ಸೀನುತ್ತಾರೆ. ನನಗೆ ಸೀನಲು ಬರುವುದಿಲ್ಲ. ಫ್ಯಾನು ಎಳೆದ ಕೆಂಪು ದೂಳನ್ನೆಲ್ಲ ಒಳಗೇ ಇಟ್ಟುಕೊಂಡೆ. ಮುತ್ತುವಿನ ಅಂಗಡಿಯಲ್ಲಿ ಮುಂದೆ ನಾನು, ಹಿಂದೆ ಅಚ್ಚು ಹಾಕುವ ದೊಡ್ಡ ಮಷೀನು. ಮೂಲೆಯಲ್ಲಿ ಚಾಪೆಯ ಮೇಲೆ ದಾನಮ್ಮ. ಬ್ಯಾನರಿನ ಅಂಚಿಗೆ ಹಗ್ಗ ಪೋಣಿಸುವ ರಿಂಗುಗಳನ್ನು ಸುತ್ತಿಗೆಯಿಂದ ಬಡಿಯುವುದು ಅವಳ ಕೆಲಸ. ಅವ್ವ ಹಾಸಿಗೆ ಹಿಡಿದ ವರ್ಷ ಅವಳು ಒಂಬತ್ತನೆಯ ತರಗತಿಗೆ ಶಾಲೆ ಬಿಟ್ಟಿದ್ದಳು. ಅವ್ವ ಎದ್ದಳು. ಮಗಳು ಶಾಲೆಗೆ ಮರಳಲಿಲ್ಲ.

ಅವಳು ಕೂತಲ್ಲಿಂದ ನನ್ನ ಪರದೆ ನೇರವಾಗಿ ಕಾಣುತ್ತಿತ್ತು. ಮುತ್ತು ಯಾರದೋ ಹುಟ್ಟುಹಬ್ಬದ ಬ್ಯಾನರಿಗೆ ಹೆಸರು ಕೂರಿಸುವಾಗ ಅವಳ ಸುತ್ತಿಗೆ ನಿಲ್ಲುತ್ತಿತ್ತು. ಅಕ್ಷರದ ಬಣ್ಣ ಹಿಂದಿನ ಬಣ್ಣದಲ್ಲಿ ಮುಳುಗಿದರೆ ಅವಳ ಹುಬ್ಬು ಗಂಟಾಗುತ್ತಿತ್ತು. ಬಾಯಿ ಮಾತ್ರ ಬಿಡುತ್ತಿರಲಿಲ್ಲ.

ಮಧ್ಯಾಹ್ನ ಗಿರಾಕಿ ಕಡಿಮೆ. ಆಗ ಪಕ್ಕದ ರಿಪೇರಿ ಅಂಗಡಿಯ ಇಲಿಯಾಸ ಬರುತ್ತಿದ್ದ, ಮುತ್ತು ಬಂದೂಕಿನ ಆಟ ಹಚ್ಚುತ್ತಿದ್ದ. ನಾನು ಮೈಯೆಲ್ಲ ಕಾಯಿಸಿಕೊಂಡು ಓಡುತ್ತಿದ್ದೆ. ಮುತ್ತು ಗುರಿ ಹಿಡಿದು, ಉಸಿರು ಬಿಗಿದು, ಇನ್ನೇನು ಗುಂಡು ಹಾರಿಸಬೇಕು, ನನ್ನ ಹಳೆಯ ಪಟ್ಟಿ ತುಂಬಿ ತುಳುಕುತ್ತಿತ್ತು. ಪರದೆ ಕಲ್ಲಾಗುತ್ತಿತ್ತು.

“ಮತ್ತ ಸತ್ತ್ಯಾ ಏನಲೇ?” ಇಲಿಯಾಸ ಚಪ್ಪಾಳೆ ಹೊಡೆಯುತ್ತಿದ್ದ. “ನಿನ್ನ ಲ್ಯಾಪ್‌ಟಾಪ್ ಬರೇ ಲೈಟಿಂದು. ಮದಿವಿ ಮನಿ ಮುಂದ ಕಟ್ಟು, ಚಲೋ ಕಾಣ್ತೈತಿ.”

“ರ‍್ಯಾಮ್ ಹಾಕಸ್ತೀನಿ ತಡಿಯಲೇ. ಆಮ್ಯಾಲ ಮಾತಾಡು.”

ಆಟದಲ್ಲಷ್ಟೇ ಅಲ್ಲ, ಕೆಲಸದಲ್ಲೂ ನಾನು ಹಾಗೆಯೇ ಕೈಕೊಡುತ್ತಿದ್ದೆ. ಅರ್ಧ ಆದ ಬ್ಯಾನರು ಹಾರಿಹೋಗುತ್ತಿತ್ತು. ಮುತ್ತು ಮೇಜು ಗುದ್ದುತ್ತಿದ್ದ. ಮುಚ್ಚಳವನ್ನು ಬಡಿದು ಮುಚ್ಚಿ, ಮತ್ತೆ ತೆರೆದು, “ಒಂದು ರ‍್ಯಾಮಿನ ಕೆಲಸ, ಅಷ್ಟ” ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದ. ಯುಗಾದಿ ಆಗಲಿ ಎಂದ. ಗ್ಯಾರಂಟಿ ಮುಗಿಯಲಿ, ಆಮೇಲೆ ಬೆನ್ನು ಬಿಚ್ಚಿಸೋಣ ಎಂದ. ಗ್ಯಾರಂಟಿ ಮುಗಿಯಿತು. ನಾಗರ ಪಂಚಮಿ ಬರಲಿ ಎಂದ. ಒಂದೊಂದು ಮಾತಿಗೂ ನನ್ನ ಹೊಟ್ಟೆಯ ಖಾಲಿ ಜಾಗ ಬಾಯಿ ತೆರೆದು ಕಾಯುತ್ತಿತ್ತು.

ಒಂದು ಮಧ್ಯಾಹ್ನ ದಾನಮ್ಮ ಸುತ್ತಿಗೆ ಬದಿಗಿಟ್ಟು ಎದ್ದು ಬಂದಳು. ಸೆರಗಿನ ಹಾಗೆ ದುಪಟ್ಟದ ತುದಿಯನ್ನು ಬೆರಳಿಗೆ ಸುತ್ತಿಕೊಂಡಿದ್ದಳು. “ಅಣ್ಣಾ, ನಾನೂ ಒಂದು ಡಿಸೈನ್ ಮಾಡಿ ನೋಡ್ಲಾ?”

ಮುತ್ತು ಕೆಟ್ಟವನಲ್ಲ. ನಕ್ಕ. “ಈಗ ಬ್ಯಾಡವಾ. ನಾ ಕುಂತ್ರನ ಹ್ಯಾಂಗ್ ಆಗ್ತೈತಿ, ನೀ ಕುಂತ್ರ ಮುಗೀತು. ರ‍್ಯಾಮ್ ಹಾಕಸ್ತೀನಲ್ಲ, ಅವತ್ತಿಂದ ಈ ಖುರ್ಚಿ ನಿಂದ. ಆತಿಲ್ಲೋ?”

“ಆತಣ್ಣಾ.”

ಅವಳು ಚಾಪೆಗೆ ಮರಳಿದಳು. ಅಂದಿನಿಂದ ಮುತ್ತು ಹಬ್ಬದ ಹೆಸರು ಹೇಳಿ ಮುಂದೂಡಿದಾಗಲೆಲ್ಲ ಸುತ್ತಿಗೆಯ ಸದ್ದು ಒಂದು ಗಳಿಗೆ ನಿಲ್ಲುತ್ತಿತ್ತು. ಆ ಜಾಗಕ್ಕಾಗಿ ಕಾಯುವವರು ಈಗ ಇಬ್ಬರಾದೆವು.

ದಸರೆ ಬಂತು. ಖಂಡೇಪೂಜೆಯ ದಿನ ದುಡಿಯುವ ಸಾಮಾನಿಗೆಲ್ಲ ಪೂಜೆ. ಮುತ್ತುವಿನ ಅವ್ವ ಸುತ್ತಿಗೆ, ಕತ್ತರಿ, ಕಬ್ಬಿಣದ ಅಳತೆಪಟ್ಟಿ ಎಲ್ಲವನ್ನೂ ತೊಳೆದು ಸಾಲಾಗಿ ಇಟ್ಟಳು. ನಡುವೆ ನನ್ನನ್ನು ಕೂರಿಸಿದಳು. ಮುತ್ತು ನನ್ನನ್ನು ಆರಿಸಲು ಕೈಚಾಚಿದ.

“ಆರಸಬ್ಯಾಡೋ! ದೀಪ ಹಚ್ಚಿಟ್ಟಂಗ ಎಷ್ಟು ಚೆಂದ ಕಾಣಾಕತ್ತೈತಿ. ಹಂಗ ಇರ್ಲಿ,” ಎಂದಳು ಅವ್ವ.

ಹಣೆಗೆ, ಬೆನ್ನಿಗೆ, ಗಾಳಿ ಹೋಗುವ ಕಿಂಡಿಗೆ ವಿಭೂತಿ ಬಳಿದಳು. ಕುಂಕುಮ ಇಟ್ಟಳು. ಹಿಂದಿನ ಕಿಂಡಿಗಳ ಮೇಲೆ ಚೆಂಡುಹೂವಿನ ದಪ್ಪ ಮಾಲೆ ಹೊದಿಸಿ ಲೋಬಾನ ಹಾಕಿದಳು. ಕಾಯಿ ಒಡೆಯಿತು. ಆಮೇಲೆ ಎಲ್ಲರೂ ಕೈ ಮುಗಿದು ಹಿಂದೆ ಸರಿದರು. ಪೂಜೆಗೆ ಇಟ್ಟದ್ದನ್ನು ಮರುದಿನ ಬನ್ನಿ ಮುಡಿಯುವವರೆಗೆ ಮುಟ್ಟುವಂತಿಲ್ಲ. ದುಡಿಯುವ ಸಾಮಾನಿಗೆ ವರ್ಷಕ್ಕೊಮ್ಮೆ ವಿಶ್ರಾಂತಿ ಅದು. ಸುತ್ತಿಗೆ ಮಲಗಿತು, ಕತ್ತರಿ ಮಲಗಿತು. ನಾನೊಬ್ಬನೇ ಉರಿಯುತ್ತ ಕೂತೆ.

ಫ್ಯಾನುಗಳು ಗಾಳಿಗಾಗಿ ಎಳೆದವು, ವಿಭೂತಿ ಬಂತು. ಮತ್ತೆ ಎಳೆದವು, ಹೊಗೆ ಬಂತು. ಬಿಸಿ ಹೊರಗೆ ಹೋಗಲು ಹೂವು ಬಿಡಲಿಲ್ಲ. ದಾನಮ್ಮ ಹೋಳಿಗೆಯ ತಟ್ಟೆ ಹಿಡಿದು ಬಂದವಳು ನಿಂತಳು. ನನ್ನ ಸದ್ದು ಬದಲಾದದ್ದು ಅವಳಿಗೆ ಗೊತ್ತಾಯಿತು.

“ಯವ್ವಾ, ಅದು ಸುಡಾಕತ್ತೈತಿ.”

“ಪೂಜಿಗೆ ಇಟ್ಟದ್ದು ಮುಟ್ಟಬಾರದವಾ. ದೇವ್ರು ನೋಡ್ಕೊಂತಾನ.”

ಅವ್ವ ಒಳಗೆ ಹೋದಳು. ದಾನಮ್ಮ ಆಚೀಚೆ ನೋಡಿ, ಕಸಬರಿಗೆಯಿಂದ ಒಂದು ಕಡ್ಡಿ ಕಿತ್ತು, ಕೈ ತಾಗದಂತೆ ದೂರದಿಂದಲೇ ಮಾಲೆಯನ್ನು ಕಿಂಡಿಯಿಂದ ಸರಿಸಿದಳು. ಒಂದಿಷ್ಟು ಉಸಿರು ಬಂತು. ಆದರೆ ಹೊಟ್ಟೆಗೆ ಹೋದದ್ದು ಹೋಗಿಯಾಗಿತ್ತು. ಮರುದಿನ ಬನ್ನಿ ಎಲೆ ಹಿಡಿದು ಮುತ್ತು ಬರುವಷ್ಟರಲ್ಲಿ ಪರದೆ ಕಪ್ಪಾಗಿ ನಾನು ನಿಂತುಹೋಗಿದ್ದೆ.

ಅದು ಕೈಕಟ್ಟಿ ಕೂರುವ ಕಾಲವಲ್ಲ. ದೀಪಾವಳಿಗೆ ಆ ಸೀಮೆಯಲ್ಲಿ ಕೊಬ್ಬರಿ ಹೋರಿ ಓಡುತ್ತವೆ, ಅವುಗಳ ಕೊರಳಿನ ಕೊಬ್ಬರಿ ಮಾಲೆ ಹರಿಯಲು ಜನ ಬೆನ್ನು ಹತ್ತುತ್ತಾರೆ. ಒಂದೊಂದು ಹೋರಿಗೂ ಒಂದು ಬಿರುದು, ಒಂದು ಬ್ಯಾನರು. ವರ್ಷವಿಡೀ ಇಲ್ಲದ ಕೆಲಸ ಆ ಕೆಲವು ದಿನಗಳಲ್ಲಿ ಬರುತ್ತದೆ. ಮುತ್ತು ನನ್ನನ್ನು ಕಂಕುಳಲ್ಲಿ ಇಟ್ಟುಕೊಂಡು ಇಲಿಯಾಸನ ಅಂಗಡಿಗೆ ಓಡಿದ. ಚಾರ್ಜರು ಹಿಡಿದು ದಾನಮ್ಮ ಹಿಂದೆ ಬಂದಳು.

ಇಲಿಯಾಸ ಬೆಳ್ಳಿ ಚೀಟಿ ಹರಿದು, ತಿರುಪು ಬಿಚ್ಚಿ, ನನ್ನ ಬೆನ್ನು ತೆರೆದ. ತೆರೆದವನೇ ಸೀನಿದ.

“ಯಪ್ಪಾ! ಇದೇನಲೇ, ಮಷೀನೋ ಮಠಾನೋ? ವಿಭೂತಿ ಐತಿ, ಖಾರ ಐತಿ, ಹೂವಿನ ಎಸಳೂ ಐತಿ. ಉಪ್ಪೊಂದು ಹಾಕಿದ್ರ ಊಟಕ್ಕ ಕುಂದ್ರಬಹುದು!”

ಮುತ್ತುವಿಗೆ ನಗು ಬರಲಿಲ್ಲ. ಇಲಿಯಾಸ ಬ್ರಷ್ಷಿನಿಂದ ಗುಡಿಸಿದ, ಗಾಳಿ ಊದಿದ, ಅಂಟಿಕೊಂಡ ಫ್ಯಾನನ್ನು ಬಿಡಿಸಿದ. ನನಗೆ ಮತ್ತೆ ಜೀವ ಬಂತು. ಮುತ್ತು ಉಸಿರು ಬಿಟ್ಟು ಹೇಳಿದ: “ಹೆಂಗೂ ಬಿಚ್ಚೀದಿ. ಆ ಖಾಲಿ ಸ್ಲಾಟಿಗೆ ಒಂದು ರ‍್ಯಾಮ್ ಹಾಕಿಬಿಡು. ಇವತ್ತು ಮುಗದ ಹೋಗ್ಲಿ.”

ದಾನಮ್ಮ ಒಂದು ಹೆಜ್ಜೆ ಮುಂದೆ ಬಂದಳು. ನನಗೂ ಮೈಯೆಲ್ಲ ಕಿವಿಯಾಯಿತು.

ಇಲಿಯಾಸ ಬೆಳಕು ಹತ್ತಿರ ತಂದ. ಬಗ್ಗಿ ನೋಡಿದ. ಮತ್ತೆ ನೋಡಿದ. “ಎಲ್ಲೈತಲೇ ಸ್ಲಾಟು?”

“ಅಲ್ಲೇ ಇರ್ಬೇಕ. ಅಂಗಡ್ಯಾಂವ ಹೇಳ್ಯಾನ.”

“ಹೇಳಿರಬಹುದು. ಇಲ್ಲಿ ಬರೇ ಗೆರಿ ಕೊರದಾರ ನೋಡು. ಬಾಗಲಾ ಎಲ್ಲಿ ಬರ್ತೈತಿ ಅಂತ ಸುಣ್ಣದಾಗ ಗುರುತ ಮಾಡ್ಯಾರ, ಬಾಗಲಾ ಹಚ್ಚಿಲ್ಲ. ಇದಕ್ಕ ಏನ್ ಹಾಕ್ಲಿ ನಾ?”

ಮೇಜಿನ ಮೇಲಿದ್ದ ಕನ್ನಡಿ ಚೂರಿನಲ್ಲಿ ನಾನು ನನ್ನ ಹೊಟ್ಟೆಯನ್ನು ಮೊದಲ ಸಲ ಕಂಡೆ. ಹಸಿರು ಹಲಗೆಯ ಮೇಲೆ ಬಿಳಿಯ ಉದ್ದನೆಯ ಚೌಕ. ಅದರೊಳಗೆ ಸೂಜಿಮೊನೆಯಷ್ಟಗಲದ ಚುಕ್ಕೆಗಳು. ಅಷ್ಟೇ. ಇಷ್ಟು ದಿನ ನನ್ನನ್ನು ಕಾಡಿದ್ದು ಖಾಲಿ ಕೋಣೆಯಲ್ಲ, ಕೋಣೆಯ ಚಿತ್ರ. ನನ್ನನ್ನು ಮಾಡಿದವರು ಅಲ್ಲೊಂದು ಕೋಣೆ ಕಟ್ಟಬೇಕೆಂದು ಯೋಚಿಸಿ, ನಡುವೆ ಬೇಡವೆಂದು ಬಿಟ್ಟಿದ್ದರು. ಮಾರಿದವನು ಬೆನ್ನು ತಟ್ಟಿ ನೋಡಿದ್ದನೇ ಹೊರತು ತೆರೆದು ನೋಡಿರಲಿಲ್ಲ.

ಇಲಿಯಾಸ ಗೇಲಿ ಮಾಡದೆ ಬೆಳಕನ್ನು ಪಕ್ಕಕ್ಕೆ ಸರಿಸಿದ. ಆಗ ದಾನಮ್ಮ ಹೇಳಿದಳು. ದನಿ ಏರಿಸಲಿಲ್ಲ.

“ಹಂಗಾರ ಅಣ್ಣಾ, ನಾ ಯಾತಕ್ಕ ಕಾಯಾಕತ್ತಿದ್ದೆ?”

ಮುತ್ತು ನನ್ನ ತೆರೆದ ಹೊಟ್ಟೆಯನ್ನೇ ನೋಡುತ್ತಿದ್ದ. ಅವಳ ಮುಖ ನೋಡಲಿಲ್ಲ. ಇಲಿಯಾಸ ತಿರುಪು ಬಿಗಿದ ಮೇಲೆ ನನ್ನನ್ನು ಎತ್ತಿ ಅವಳ ಕೈಗೆ ಕೊಟ್ಟ. “ನಡಿ. ಕುಂದ್ರು. ಹ್ಯಾಂಗ್ ಆದ್ರ ನನ್ನ ಕೇಳಬ್ಯಾಡ.”

ತಮ್ಮ ಅಂಗಡಿಗೆ ಮರಳಿ ಅವಳು ಖುರ್ಚಿಯ ತುದಿಯಲ್ಲಿ ಕೂತಳು, ಯಾರಾದರೂ ಏಳು ಎಂದರೆ ತಕ್ಷಣ ಏಳಬೇಕೆಂಬ ಹಾಗೆ. ಮೊದಲ ಗಿರಾಕಿ ಫಕ್ಕೀರಪ್ಪಜ್ಜ. ಅವನ ಹೋರಿಯ ಬಿರುದು ಸಿಡಿಲಮರಿ. ಫೋನಿನಲ್ಲಿ ಹೋರಿಯ ಫೋಟೋ ತೋರಿಸಿ, “ಹಿಂದಿನ ಕೊಟಗಿ, ಸಗಣಿ ಎಲ್ಲಾ ತಗಿಬೇಕ. ಹೋರಿ ಒಂದ ಕಾಣಬೇಕ,” ಎಂದ. ಖುರ್ಚಿಯಲ್ಲಿ ಹುಡುಗಿಯನ್ನು ಕಂಡು ಮುತ್ತುವಿನ ಕಡೆ ತಿರುಗಿದ. ಮುತ್ತು ಬೇಕೆಂದೇ ದೊಡ್ಡ ಮಷೀನಿನ ಹಿಂದೆ ಮರೆಯಾದ.

ದಾನಮ್ಮ ಬೆರಳುಗಳನ್ನು ದುಪಟ್ಟಕ್ಕೆ ಒರೆಸಿಕೊಂಡು ಕೀಲಿಯ ಮೇಲಿಟ್ಟಳು. ನಾನು ಫ್ಯಾನು ಬಿಗಿಹಿಡಿದು, ಇದೊಂದು ಸಲ, ಇದೊಂದು ಸಲ ಎಂದುಕೊಂಡೆ. ಅವಳು ಹೋರಿಯ ಸುತ್ತ ಗೆರೆ ಎಳೆಯುತ್ತ, ಎಳೆದಷ್ಟನ್ನು ಖಾಲಿ ಹಾಳೆಗೆ ಕತ್ತರಿಸಿ ತರುತ್ತ ಬಂದಳು. ಬೆನ್ನು, ಹೆಗಲ ಮೇಲಿನ ಹಿಣಿಲು, ಒಂದು ಕೋಡು. ಎರಡನೆಯ ಕೋಡಿಗೆ ಬಂದಾಗ ನನ್ನ ನೆನಪು ತುಂಬಿತು. ಪರದೆ ಕಲ್ಲಾಯಿತು.

“ಕೂಸ, ನನ್ನ ಹೋರಿ ಕೋಡ ಎಲ್ಲಿ ಹೋತು?” ಅಜ್ಜ ಗಾಬರಿಯಾದ. “ಒಂಟಿಗೋಡಿನ ಹೋರಿ ಅಂತ ಊರಾಗ ನಗ್ತಾರ!”

ಮುತ್ತು ಮಷೀನಿನ ಹಿಂದಿನಿಂದ ಕತ್ತು ಹೊರಗೆ ಹಾಕಿದ. ಅವಳು ಅಳುತ್ತಾಳೆ ಎಂದುಕೊಂಡೆ. ಅಳಲಿಲ್ಲ. ಮೇಜನ್ನೂ ಗುದ್ದಲಿಲ್ಲ. ನನ್ನನ್ನು ಆರಿಸಿ, ಕಿಂಡಿಯ ಕೆಳಗೆ ಎರಡು ರಿಂಗಿನ ಡಬ್ಬಿ ಇಟ್ಟು ಎತ್ತರ ಮಾಡಿ, ಮತ್ತೆ ಹಚ್ಚಿದಳು. ಹೋರಿ ಎದ್ದು ಬಂತು, ಬೆನ್ನು, ಹಿಣಿಲು, ಮೊದಲ ಕೋಡು ಸಮೇತ. ಚಾಪೆಯ ಮೇಲೆ ಕೂತು ಅಣ್ಣನ ಕೆಲಸ ಹಾರಿಹೋಗುವುದನ್ನು ಎಷ್ಟೋ ಸಲ ನೋಡಿದ್ದವಳು ಅವಳು. ಗೆರೆ ಗೆರೆಗೂ ಸೇವ್ ಒತ್ತುತ್ತ ಬಂದಿದ್ದಳು.

“ಎರಡೂ ಕೋಡ ಬರ್ತಾವ್ರಿ ಅಜ್ಜಾರ. ಸ್ವಲ್ಪ ತಡೀರಿ,” ಎಂದಳು.

ಆ ಬ್ಯಾನರಿಗೆ ರಿಂಗು ಬಡಿದವಳೂ ಅವಳೇ. ಸಿಡಿಲಮರಿ ಬಸ್‌ಸ್ಟ್ಯಾಂಡಿನ ಎದುರು ಗಾಳಿಗೆ ಪಟಪಟ ಎನ್ನುತ್ತ ನಿಂತಿತು. ಅಕ್ಷರ ದೂರಕ್ಕೂ ಓದಲು ಬರುತ್ತಿತ್ತು. ಅದನ್ನು ನೋಡಿದ ಹೋರಿಯವರು ಅಂಗಡಿ ಹುಡುಕಿಕೊಂಡು ಬಂದರು.

ನಾನೇನೂ ಸುಧಾರಿಸಲಿಲ್ಲ. ಇನ್ನೂ ಎಷ್ಟೋ ಸಲ ಕಲ್ಲಾದೆ. ಬ್ಯಾಟರಿ ಊದಿತು, ತೆಗೆದು ಎಸೆದರು. ದೀಪಗಳು ಒಂದೊಂದಾಗಿ ಆರಿದವು. ಕೊನೆಗೆ ಮರುವರ್ಷ ಹೊಸದು ತರಲು ಅಣ್ಣ ತಂಗಿ ಮತ್ತೆ ಅದೇ ಗಾಜಿನ ಅಂಗಡಿಗೆ ಹೋದರು. ಬದಲಿಗೆ ಕೊಡಲೆಂದು ನನ್ನನ್ನೂ ಚೀಲದಲ್ಲಿ ಹಾಕಿಕೊಂಡಿದ್ದರು. ಅಂಗಡಿಯವನು ನನ್ನನ್ನು ಎತ್ತಿ ನೋಡಿ, “ಇದನ್ನ ಯಾರೂ ತಗೊಳ್ಳೂದಿಲ್ರಿ,” ಎಂದು ಹಾಗೇ ಕೆಳಗಿಟ್ಟ. ಆಮೇಲೆ ಹೊಸದೊಂದರ ಬೆನ್ನು ತಟ್ಟಿದ. “ಇದರಾಗ ಮುಂದ ಬೇಕಂದಾಗ ಇನ್ನೊಂದು ರ‍್ಯಾಮ್…”

“ಬೆನ್ನಿನ ಮುಚ್ಚಳ ತಗದು ತೋರಸ್ರಿ,” ಎಂದಳು ದಾನಮ್ಮ.

“ಹಂಗ ತಗಿಯಾಕ ಬರೂದಿಲ್ಲಕ್ಕಾರ, ಗ್ಯಾರಂಟಿ…”

“ಮಾರೂ ಮುಂಚೆ ನೀವ ತಗದು ತೋರಸ್ರಿ. ನಾವು ನಿಂದರತೇವಿ.”

ಬಾಗಿಲ ಹತ್ತಿರ ಅಲ್ಲ, ಅಂಗಡಿಯ ನಡುವೆ ನಿಂತಿದ್ದಳು. ಕಾಲಲ್ಲಿ ಚಪ್ಪಲಿ ಇತ್ತು. ಮುತ್ತು ಮೀಸೆಯಲ್ಲೇ ನಕ್ಕು ಪಕ್ಕಕ್ಕೆ ಸರಿದ. ಅಂಗಡಿಯವನು ಒಳಗಿನಿಂದ ಸ್ಕ್ರೂಡ್ರೈವರ್ ತರಿಸಿದ.

ಈಗ ನನ್ನ ಜಾಗ ಚಾಪೆಯ ಪಕ್ಕ. ಸುರುಳಿಯಿಂದ ಬಿಚ್ಚಿದ ಫ್ಲೆಕ್ಸಿಗೆ ಮತ್ತೆ ಸುರುಳಿಯಾಗುವ ಚಟ. ಕತ್ತರಿಸುವಾಗ ಅದರ ತುದಿಯ ಮೇಲೆ ಭಾರ ಇಡಬೇಕು. ಕಲ್ಲಿಟ್ಟರೆ ಗೀರು ಬೀಳುತ್ತದೆ. ನಾನು ಅಗಲ, ನುಣುಪು, ಭಾರ. ಹಿಂದೆ ಎಲ್ಲರೂ ಬೈಯುತ್ತಿದ್ದ ಭಾರವೇ ಈಗ ನನ್ನ ಕೆಲಸ. ಹೊಸ ಮಷೀನಿನಲ್ಲಿ ಮುತ್ತು ಮಧ್ಯಾಹ್ನ ಆಟ ಆಡುತ್ತಾನೆ. “ಏಳಣ್ಣಾ, ಗಿರಾಕಿ ಬಂದಾರ,” ಎಂದರೆ ಗೊಣಗುತ್ತ ಏಳುತ್ತಾನೆ.

ಮೊನ್ನೆ ಖಂಡೇಪೂಜೆಗೆ ದಾನಮ್ಮ ಹೊಸ ಮಷೀನನ್ನು ಆರಿಸಿ, ವೈರು ಕಿತ್ತು, ಆಮೇಲೆ ಅವ್ವನನ್ನು ಕರೆದಳು.

“ಸತ್ತ ಮಷೀನಿಗೆ ಪೂಜಿ ಮಾಡಂತೀಯೇನ?” ಎಂದಳು ಅವ್ವ.

“ಸತ್ತಿಲ್ಲ ಬೇ. ಮಲಗೈತಿ. ಮಲಗ್ಲಿ ಬಿಡು.”

ನನಗೂ ಒಂದು ಬೊಟ್ಟು ಕುಂಕುಮ ಬಂತು.

ನನ್ನೊಳಗಿನ ಆ ಬಿಳಿ ಗೆರೆಗಳು ಹಾಗೆಯೇ ಇವೆ. ಅಲ್ಲಿ ಎಂದೂ ಏನೂ ಬಂದು ಕೂರುವುದಿಲ್ಲ, ಗೊತ್ತು. ಆದರೂ ಇಲಿಯಾಸ ಸ್ಕ್ರೂಡ್ರೈವರ್ ಹಿಡಿದು ಬಾಗಿಲಿಗೆ ಬಂದರೆ ಒಳಗೆ ಏನೋ ಚಡಪಡಿಸುತ್ತದೆ. ಅಷ್ಟರಲ್ಲಿ ದಾನಮ್ಮ ಹೊಸ ಬ್ಯಾನರನ್ನು ನೆಲಕ್ಕೆ ಹಾಸುತ್ತಾಳೆ, ನನ್ನನ್ನು ಎತ್ತಿ ತುದಿಯ ಮೇಲೆ ಇಡುತ್ತಾಳೆ. ಕೆಳಗಿನಿಂದ ಫ್ಲೆಕ್ಸು ಸುರುಳಿಯಾಗಲು ಎಳೆಯುತ್ತದೆ. ಅವಳು ಕತ್ತರಿ ಹಾಕುತ್ತಾಳೆ.

ನಾನು ಅಲುಗುವುದಿಲ್ಲ.